ಅಂಟು ಬಿಡಿಸುವ ಬಗೆ, ಅಪಾಯ ತಪ್ಪಿಸುವ ಬಗೆ

(ಉಪನ್ಯಾಸದ ಪಠ್ಯ)



ಹೈದರಾಬಾದಿನ ಬೇಗಂ ಬಜಾರಿನಿಂದ ಹೊಸ ಸ್ಟೀಲ್ ಪಾತ್ರೆಯನ್ನು ಕೊಂಡುತಂದ ಗೃಹಿಣಿಗೆ ಮನೆಯಲ್ಲಿ ಮೊದಲು ಎದುರಾಗುವ ಕೆಲಸವೆಂದರೆ ಅದರ ಮೇಲಿನ ಸ್ಟಿಕ್ಕರನ್ನು ತೆಗೆಯುವುದು. ಕಾಗದವು ಸುಲಭವಾಗಿ ಹರಿದು ಬರುತ್ತದೆ. ಅದರ ಕೆಳಗಿನ ಅಂಟು ಮಾತ್ರ ಪಾತ್ರೆಯನ್ನು ಬಿಡುವುದಿಲ್ಲ. ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಅದು ಜಿಗುಟಾಗಿಯೇ ಉಳಿದು, ಧೂಳನ್ನು ಹಿಡಿದು ಕಪ್ಪಾಗುತ್ತದೆ. ಗಣೇಶ ಚತುರ್ಥಿಯ ಅಲಂಕಾರಕ್ಕೆಂದು ಗೋಡೆಗೆ ಹಚ್ಚಿದ ಟೇಪು, ಸ್ನಾನದ ಮನೆಯ ಕನ್ನಡಿಗೆ ಅಂಟಿಸಿದ ಹಣೆಬೊಟ್ಟು, ಮಕ್ಕಳು ಕಪಾಟಿನ ಬಾಗಿಲಿಗೆ ಮೆತ್ತಿದ ಚಿತ್ರ, ಇವೆಲ್ಲವೂ ಬಿಟ್ಟುಹೋಗುವ ಗುರುತು ಇದೇ. ಇದು ಸಣ್ಣ ತೊಂದರೆ. ಆದರೆ ಇದನ್ನು ನಿವಾರಿಸಲು ಕೆಲವರು ಕೈಗೆತ್ತಿಕೊಳ್ಳುವ ಪೆಟ್ರೋಲು, ಥಿನ್ನರ್, ಸೀಮೆಎಣ್ಣೆ, ಉಗುರುಬಣ್ಣ ತೆಗೆಯುವ ದ್ರವ ಮೊದಲಾದುವು ತರಬಲ್ಲ ತೊಂದರೆ ಸಣ್ಣದಲ್ಲ. ಅಂಟಿಗಿಂತಲೂ ಅಂಟನ್ನು ಬಿಡಿಸುವ ದ್ರವವೇ ಅನೇಕ ವೇಳೆ ಹೆಚ್ಚು ಅಪಾಯಕಾರಿ. ಈ ಉಪನ್ಯಾಸದ ಮುಖ್ಯ ಮಾತು ಇದೇ.

ಇದು ಉತ್ಪ್ರೇಕ್ಷೆಯ ಮಾತಲ್ಲ. 2023ರ ನವೆಂಬರ್ 13ರಂದು, ದೀಪಾವಳಿಯ ಮರುದಿನ, ಹೈದರಾಬಾದಿನ ನಾಂಪಲ್ಲಿಯ ಬಜಾರ್‌ಘಾಟ್ ಪ್ರದೇಶದ ವಸತಿ ಕಟ್ಟಡವೊಂದರಲ್ಲಿ ಬೆಂಕಿ ಹೊತ್ತಿಕೊಂಡಿತು. ಆ ಕಟ್ಟಡದ ನೆಲ ಅಂತಸ್ತಿನಲ್ಲಿ ರಾಸಾಯನಿಕಗಳಿದ್ದ ಪೀಪಾಯಿಗಳನ್ನು ಇರಿಸಲಾಗಿತ್ತು. ಮೇಲಿನ ಅಂತಸ್ತುಗಳಲ್ಲಿ ಕುಟುಂಬಗಳು ವಾಸವಾಗಿದ್ದುವು. ಬೆಂಕಿಯೂ ಹೊಗೆಯೂ ಮೇಲೇರಿ 9 ಮಂದಿ ಪ್ರಾಣ ಕಳೆದುಕೊಂಡರು. ಮನೆಯ ಕಪಾಟಿನಲ್ಲಿರುವ ಅರ್ಧ ಲೀಟರು ಥಿನ್ನರನ್ನು ಅಂತಹ ಪೀಪಾಯಿಗಳಿಗೆ ಹೋಲಿಸಲಾಗದು, ನಿಜ. ಆದರೂ ಬೇಗನೆ ಹೊತ್ತಿಕೊಳ್ಳುವ ಪದಾರ್ಥ ಮತ್ತು ಮನುಷ್ಯರ ವಾಸ ಒಂದೇ ಸೂರಿನಡಿ ಇರುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಆ ದುರ್ಘಟನೆ ತೋರಿಸಿಕೊಟ್ಟಿದೆ. ಪ್ರಮಾಣ ಬೇರೆಯಾದರೂ ಆವಿಯ ಸ್ವಭಾವ ಬೇರೆಯಲ್ಲ.

ಹಿಂದಿನ ಕಾಲದ ಮನೆಗಳಲ್ಲಿ ಈ ಸಮಸ್ಯೆ ಇರಲಿಲ್ಲವೆಂದೇ ಹೇಳಬಹುದು. ಕಾಗದ ಅಂಟಿಸಲು ಮೈದಾ ಹಿಟ್ಟಿನ ಗಂಜಿ ಅಥವಾ ಮರದಿಂದ ಒಸರುವ ಗೋಂದು ಸಾಕಾಗುತ್ತಿತ್ತು. ಬಡಗಿಗಳು ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಕುದಿಸಿ ತೆಗೆದ ಸರೇಸನ್ನು ಬಳಸುತ್ತಿದ್ದರು. ಇವೆಲ್ಲ ನೀರಿಗೆ ಸೇರಿದವು. ಒದ್ದೆ ಬಟ್ಟೆ ಅಥವಾ ಬಿಸಿನೀರು ತಾಗಿದರೆ ಮೆದುವಾಗುತ್ತಿದ್ದುವು. ಇಂದಿನ ಅಂಟುಗಳಲ್ಲಿ ಹೆಚ್ಚಿನವು ಪಾಲಿಮರುಗಳೆಂಬ ಉದ್ದ ಸರಪಳಿಯಂತಹ ಅಣುಗಳಿಂದಾದವು. ಇಂತಹ ಪಾಲಿಮರುಗಳ ಮತ್ತು ಲೇಪನಗಳ ಸಂಶೋಧನೆಗೆ ಹೈದರಾಬಾದ್ ಒಂದು ಮುಖ್ಯ ನೆಲೆ. ತಾರ್ನಾಕಾದಲ್ಲಿರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯು 1944ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಆರಂಭಗೊಂಡು, 1956ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿ, 1989ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಅಂಟನ್ನು ತೆಗೆಯುವ ಮೊದಲು ಅದು ಯಾವ ಬಗೆಯದೆಂದು ತಿಳಿಯುವುದು ಅವಶ್ಯಕ. ಮನೆಗಳಲ್ಲಿ ಕಾಣುವ ಅಂಟುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಸ್ಟಿಕ್ಕರು ಮತ್ತು ಟೇಪುಗಳ ಅಂಟು. ಇದು ಒಣಗುವುದೇ ಇಲ್ಲ. ಒತ್ತಿದರೆ ಅಂಟಿಕೊಳ್ಳುವಂತೆ ಸದಾ ಮೆತ್ತಗಿರುತ್ತದೆ. ಇದು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಜಗ್ಗುತ್ತದೆ. ಎರಡನೆಯದು ಶಾಲೆಯ ಮಕ್ಕಳು ಮತ್ತು ಬಡಗಿಗಳು ಬಳಸುವ ಬಿಳಿಯ ಅಂಟು. ಇದು ನೀರಿನಲ್ಲಿ ಬೆರೆತಿರುವುದರಿಂದ ಹಸಿಯಾಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಒಣಗಿದ ಮೇಲೆ ಬಿಸಿನೀರಿನ ಬಟ್ಟೆಯನ್ನು ಸ್ವಲ್ಪ ಹೊತ್ತು ಹಾಕಿಟ್ಟು ಮೆದುಮಾಡಬೇಕಾಗುತ್ತದೆ. ಮೂರನೆಯದು ಪಾದರಕ್ಷೆ ಮತ್ತು ಸನ್ಮೈಕಾ ಅಂಟಿಸುವ, ಘಾಟು ವಾಸನೆಯ ರಬ್ಬರ್ ಅಂಟು. ಇದರಲ್ಲಿ ಟಾಲೂಯಿನ್‌ನಂತಹ, ಬೇಗ ಆವಿಯಾಗುವ ದ್ರಾವಕಗಳಿರುತ್ತವೆ. ನಾಲ್ಕನೆಯದು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವ ಅಂಟು. ಎರಡು ಕೊಳವೆಗಳಿಂದ ಹಿಂಡಿ ಬೆರೆಸುವ ಎಪಾಕ್ಸಿಯೂ, ಕ್ಷಣಾರ್ಧದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟೂ ಈ ಗುಂಪಿನವು. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮನೆಯಲ್ಲಿರುವ ಯಾವ ದ್ರವಕ್ಕೂ ಕರಗುವುದಿಲ್ಲ. ಆದುದರಿಂದ ಚೆಲ್ಲಿದ್ದನ್ನು ಹಸಿಯಾಗಿರುವಾಗಲೇ ಒರೆಸುವುದೊಂದೇ ದಾರಿ. ಅದು ಚರ್ಮಕ್ಕೆ ಒಗ್ಗದೆ ತುರಿಕೆಯನ್ನೂ ಉಂಟುಮಾಡಬಹುದು. ಕೈಗವಸು ಧರಿಸಿಯೇ ಬಳಸಬೇಕು.

ಇನ್ನು ತೆಗೆಯುವ ಕ್ರಮ. ಮೊದಲು ಶಾಖ, ಆಮೇಲೆ ಎಣ್ಣೆ, ಅನಂತರ ಸಾಬೂನು, ಕೊನೆಯಲ್ಲಿ ಮಾತ್ರ ದ್ರಾವಕ: ಈ ಅನುಕ್ರಮವನ್ನು ನೆನಪಿಡುವುದು ಒಳ್ಳೆಯದು. ಹೊಸ ಸ್ಟೀಲ್ ಪಾತ್ರೆಯೊಳಗೆ ಬಿಸಿನೀರು ತುಂಬಿ ಐದಾರು ನಿಮಿಷ ಬಿಟ್ಟರೆ ಹೊರಗಿನ ಸ್ಟಿಕ್ಕರಿನ ಅಂಟು ಸಡಿಲವಾಗುತ್ತದೆ. ಆಗ ಅಂಚನ್ನು ಎತ್ತಿ, ಅವಸರಪಡದೆ, ಪಾತ್ರೆಗೆ ಒರಗಿಸಿದಂತೆ ಹಿಂದಕ್ಕೆ ಮಡಿಸಿ ಎಳೆದರೆ ಕಾಗದವೂ ಅಂಟೂ ಒಟ್ಟಿಗೇ ಬರುತ್ತವೆ. ಉಳಿದ ಅಂಟಿನ ಮೇಲೆ ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ನಾಲ್ಕು ಹನಿ ಸವರಿ ಕಾಲು ಗಂಟೆ ಬಿಡಬೇಕು. ಎಣ್ಣೆಯು ಅಂಟಿನೊಳಕ್ಕೆ ಇಳಿದು ಅದರ ಹಿಡಿತವನ್ನು ಸಡಿಲಿಸುತ್ತದೆ. ಬಳಿಕ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು, ಪಾತ್ರೆ ತೊಳೆಯುವ ಸಾಬೂನಿನಿಂದ ಎಣ್ಣೆಯ ಜಿಡ್ಡನ್ನು ತೊಳೆಯಬೇಕು. ಚಾಕುವಿನಿಂದ ಕೆರೆದರೆ ಪಾತ್ರೆಗೆ ಗೀರು ಬೀಳುತ್ತದೆ, ಕೈಗೆ ಗಾಯವಾಗುತ್ತದೆ. ಗಾಜು ಮತ್ತು ಕನ್ನಡಿಗಳಿಗೂ ಎಣ್ಣೆಯ ಕ್ರಮವೇ ಯೋಗ್ಯ. ಆದರೆ ತಣ್ಣನೆಯ ಗಾಜಿನ ಮೇಲೆ ಕುದಿಯುವ ನೀರನ್ನು ಸುರಿಯಬಾರದು, ಸೀಳುವ ಸಂಭವವುಂಟು.

ಮೇಲ್ಮೈ ಬದಲಾದಂತೆ ಉಪಾಯವೂ ಬದಲಾಗಬೇಕು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ಎಣ್ಣೆ ತಾಗಿಸಿದರೆ ಅಂಟಿನ ಕಲೆ ಹೋಗಿ ಎಣ್ಣೆಯ ಕಲೆ ನಿಲ್ಲುತ್ತದೆ. ಅಲ್ಲಿ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಹಾಯಿಸಿ ಟೇಪನ್ನು ನಿಧಾನವಾಗಿ ಬಿಡಿಸುವುದು ಲೇಸು. ಅರಗಿನ ಪಾಲಿಶ್ ಇರುವ ಹಳೆಯ ಮರದ ಸಾಮಾನಿಗೆ ಸ್ಪಿರಿಟ್ ತಾಗಬಾರದು; ಅರಗು ಸ್ಪಿರಿಟ್‌ನಲ್ಲಿ ಕರಗಿ ಪಾಲಿಶ್ ಎದ್ದುಹೋಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುವುದರಿಂದ ಅದು ಅನೇಕ ಪ್ಲಾಸ್ಟಿಕ್ಕುಗಳನ್ನು ಕರಗಿಸಿ ಮಂಕಾಗಿಸುತ್ತದೆ. ದೂರದರ್ಶನದ ಪರದೆ, ಕನ್ನಡಕ, ಫ್ರಿಜ್ಜಿನ ಬಾಗಿಲು ಇವುಗಳಿಗೆ ಅದನ್ನು ಬಳಸಕೂಡದು.

ನೆಲದ ವಿಷಯದಲ್ಲಿಯೂ ಒಂದು ಮಾತು. 1956ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುವು. ಆ ಸಂಬಂಧದ ಗುರುತೆಂಬಂತೆ ಈ ನಗರದ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲವನ್ನು ಇಂದಿಗೂ ಕಾಣಬಹುದು. ಶಹಾಬಾದ್ ಕಲ್ಲೂ, ತಾಂಡೂರು ಕಲ್ಲೂ ಸುಣ್ಣದ ಕಲ್ಲಿನ ಜಾತಿಗೆ ಸೇರಿದವು. ನಿಂಬೆರಸ, ಹುಣಸೆಹುಳಿ, ವಿನಿಗರ್ ಮೊದಲಾದ ಹುಳಿ ಪದಾರ್ಥಗಳು ಇವನ್ನು ಕೊರೆದು ಹೊಳಪನ್ನು ಕೆಡಿಸುತ್ತವೆ. ಅಮೃತಶಿಲೆಗೂ ಇದೇ ಮಾತು ಅನ್ವಯಿಸುತ್ತದೆ. ಇಂತಹ ನೆಲದ ಮೇಲಿನ ಅಂಟಿಗೆ ಬಿಸಿನೀರಿನ ಬಟ್ಟೆ, ಪ್ಲಾಸ್ಟಿಕ್ ಕಾರ್ಡು ಮತ್ತು ತಾಳ್ಮೆ ಇವೇ ತಕ್ಕ ಸಾಧನಗಳು.

ಅನಿವಾರ್ಯವಾಗಿ ದ್ರಾವಕವನ್ನು ಬಳಸಬೇಕಾದಾಗ ಮೂರು ಸಂಗತಿಗಳನ್ನು ಮರೆಯಬಾರದು. ಒಂದನೆಯದಾಗಿ, ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ, ಟಾಲೂಯಿನ್ ಸುಮಾರು 4 ಡಿಗ್ರಿಯಲ್ಲಿಯೂ ಬಿಡುತ್ತದೆ. ಸೀಮೆಎಣ್ಣೆ ಅಷ್ಟು ಬೇಗ ಹೊತ್ತುವುದಿಲ್ಲವೆಂಬ ನಂಬಿಕೆ ಜನರಲ್ಲಿದೆ. ಅದು 35ರಿಂದ 40 ಡಿಗ್ರಿಯ ಆಸುಪಾಸಿನಿಂದ ಇಂತಹ ಆವಿಯನ್ನು ಬಿಡತೊಡಗುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನ, ಕಲಬುರಗಿಯ ಅಥವಾ ರಾಯಚೂರಿನ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಎರಡನೆಯದಾಗಿ, ಈ ಆವಿಗಳು ಗಾಳಿಗಿಂತ ಭಾರ. ಅಸಿಟೋನಿನ ಆವಿ ಗಾಳಿಯ ಎರಡರಷ್ಟು, ಟಾಲೂಯಿನಿನ ಆವಿ ಮೂರರಷ್ಟು ತೂಗುತ್ತದೆ. ಆದುದರಿಂದ ಅವು ಮೇಲೇರಿ ಕಿಟಕಿಯಿಂದ ಹೋಗುವ ಬದಲು ನೆಲದಲ್ಲಿ ಹರಡಿ, ಕಣ್ಣಿಗೆ ಕಾಣದಂತೆ, ಪಕ್ಕದ ಕೋಣೆಯ ದೇವರ ದೀಪದವರೆಗೂ, ಅಡಿಗೆಮನೆಯ ಒಲೆಯವರೆಗೂ ಹೋಗಬಲ್ಲುವು. ಮೂರನೆಯದಾಗಿ, ಸ್ವಿಚ್ಚು ಹಾಕಿದಾಗ ಮತ್ತು ಫ್ರಿಜ್ಜು ತಾನಾಗಿ ಚಾಲೂ ಆದಾಗ ಹುಟ್ಟುವ ಕಿಡಿಯೂ ಆವಿಗೆ ಸಾಕು. ಈ ಕಾರಣಗಳಿಂದ ದ್ರಾವಕದ ಕೆಲಸವನ್ನು ಅಂಗಳದಲ್ಲಿಯೋ ಮಹಡಿಯ ಮೇಲೆಯೋ ಮಾಡಬೇಕು. ಒಳಗೇ ಮಾಡಬೇಕಾದಲ್ಲಿ ದೀಪ, ಒಲೆ, ಅಗರಬತ್ತಿಗಳನ್ನು ಮೊದಲೇ ಆರಿಸಿ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಬಟ್ಟೆಯ ತುದಿಗೆ ಕೆಲವೇ ಹನಿ ಹಾಕಿಕೊಳ್ಳಬೇಕೇ ಹೊರತು ಮೇಲ್ಮೈಗೆ ನೇರವಾಗಿ ಸುರಿಯಬಾರದು. ಪೆಟ್ರೋಲನ್ನಂತೂ ಮನೆಯ ಯಾವ ಸ್ವಚ್ಛತಾ ಕಾರ್ಯಕ್ಕೂ ಬಳಸಕೂಡದು.

ಬೆಂಕಿಯ ಭಯವಿಲ್ಲದಾಗಲೂ ಉಸಿರಾಟದ ಭಯ ಉಳಿದೇ ಇರುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಗಳಲ್ಲೇ ಚಪ್ಪಲಿ ಅಂಟಿಸಿ ಜೀವಿಸುತ್ತಿದ್ದ ಅನೇಕರು ಕೈಕಾಲುಗಳ ಸ್ಪರ್ಶಜ್ಞಾನವನ್ನೂ ಬಲವನ್ನೂ ಕಳೆದುಕೊಂಡರು. ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಕದ ಆವಿಯು ಗಾಳಿಯಾಡದ ಕೋಣೆಗಳಲ್ಲಿ ಅವರ ನರಗಳನ್ನು ಕೆಡಿಸಿದ್ದಿತು. ಚಪ್ಪಲಿ, ಚೀಲ, ಪೆಟ್ಟಿಗೆಗಳನ್ನು ಮನೆಯಲ್ಲೇ ಅಂಟಿಸುವ ಕುಟುಂಬಗಳು ಇಂದಿನ ಭಾರತದಲ್ಲಿಯೂ ಉಂಟು. ಅವರು ಗಾಳಿ ಹಾದುಹೋಗುವ ಸ್ಥಳದಲ್ಲಿ ಕುಳಿತು ಕೆಲಸ ಮಾಡುವುದೂ, ಅದೇ ಕೋಣೆಯಲ್ಲಿ ಶಿಶುಗಳನ್ನು ಮಲಗಿಸದಿರುವುದೂ ಅತ್ಯವಶ್ಯಕ.

ಇದಕ್ಕಿಂತಲೂ ನೋವಿನ ಸಂಗತಿಯೆಂದರೆ ಮಕ್ಕಳು ಈ ಆವಿಗಳನ್ನು ಅಮಲಿಗಾಗಿ ಬೇಕೆಂದೇ ಸೇದುವುದು. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಮಾದಕ ಪದಾರ್ಥ ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಿಗಿಂತ ಮಕ್ಕಳಲ್ಲಿ ಬಳಕೆಯ ಪ್ರಮಾಣ ಹೆಚ್ಚಾಗಿರುವ ಮಾದಕ ವರ್ಗ ಇದೊಂದೇ. ನೆರವು ಬೇಕಾದ ಮಕ್ಕಳ ಸಂಖ್ಯೆ ದೇಶದಲ್ಲಿ ಸುಮಾರು 4.6 ಲಕ್ಷ. ಮಗುವಿನ ಬಟ್ಟೆಯಲ್ಲಿ ಅಂಟಿನ ಅಥವಾ ಥಿನ್ನರಿನ ವಾಸನೆ, ಬಾಯಿಯ ಸುತ್ತ ಹುಣ್ಣು, ಬಚ್ಚಿಟ್ಟ ಒದ್ದೆ ಕರವಸ್ತ್ರ ಕಂಡುಬಂದರೆ ಹಿರಿಯರು ಅದನ್ನು ಅಲಕ್ಷಿಸಬಾರದು. ಹೊಡೆದು ಬಡಿದು ಮಾಡಲೂಬಾರದು. ಇಂತಹ ಆವಿಯು ಒಮ್ಮೆಗೇ ಹೃದಯವನ್ನು ನಿಲ್ಲಿಸಬಲ್ಲದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ಕ್ಷಣಾರ್ಧದಲ್ಲಿ ಹಿಡಿಯುವ ಅಂಟಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದಲ್ಲಿ ಹ್ಯಾರಿ ಕೂವರ್ ಮತ್ತು ಅವರ ಸಂಗಡಿಗರು 1942ರಲ್ಲಿ ಬೇರೊಂದು ಉದ್ದೇಶಕ್ಕಾಗಿ ಸಂಶೋಧನೆ ನಡೆಸುತ್ತಿದ್ದಾಗ ಈ ಪದಾರ್ಥ ದೊರೆಯಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿರಿಸಲಾಯಿತು. 1958ರಲ್ಲಿ ಅದೇ ಗುಣಕ್ಕಾಗಿ ಅದು ಮಾರುಕಟ್ಟೆಗೆ ಬಂದಿತು. ತೇವ ತಾಗಿದೊಡನೆ ಗಟ್ಟಿಯಾಗುವುದು ಇದರ ಸ್ವಭಾವ. ಬೆರಳಿಗೂ ಕಣ್ಣಿಗೂ ಬೇಗ ಹಿಡಿಯುವುದು ಆ ಕಾರಣದಿಂದಲೇ. ಬೆರಳುಗಳು ಅಂಟಿಕೊಂಡರೆ ಎಳೆಯಬಾರದು. ಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿಟ್ಟು ಮೆಲ್ಲಗೆ ಹೊರಳಿಸುತ್ತ ಬಿಡಿಸಬೇಕು. ಹತ್ತಿ ಬಟ್ಟೆಯ ಮೇಲೆ ಹೆಚ್ಚು ಅಂಟು ಚೆಲ್ಲಿದರೆ ಸುಡುವಷ್ಟು ಶಾಖ ಹುಟ್ಟುತ್ತದೆ. ಹತ್ತಿಯಿಂದ ಅದನ್ನು ಒರೆಸುವುದು ಸಲ್ಲದು. ಇದರ ಪುಟ್ಟ ಕೊಳವೆಯು ಕಣ್ಣಿಗೆ ಹಾಕುವ ಔಷಧದ ಸೀಸೆಯನ್ನು ಹೋಲುವುದರಿಂದ ಕಣ್ಣಿಗೇ ಹಾಕಿಕೊಂಡ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ. ಹಾಗಾದಾಗ ರೆಪ್ಪೆಗಳನ್ನು ಬಲವಂತವಾಗಿ ತೆರೆಯದೆ, ಅಸಿಟೋನ್ ತಾಗಿಸದೆ, ಶುದ್ಧ ನೀರಿನಿಂದ ತೊಳೆದು ಕೂಡಲೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹೈದರಾಬಾದಿನಲ್ಲಿ ಮೆಹದಿಪಟ್ಟಣದ ಸರೋಜಿನಿದೇವಿ ಸರ್ಕಾರಿ ಕಣ್ಣಿನ ಆಸ್ಪತ್ರೆ ಮತ್ತು ಬಂಜಾರಾ ಹಿಲ್ಸ್‌ನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಇದಕ್ಕೆ ಪ್ರಸಿದ್ಧವಾದ ಸ್ಥಳಗಳು.

ಹಣೆಬೊಟ್ಟಿನ ಅಂಟೂ ಗಮನಾರ್ಹ. ಕೆಲವು ಬೊಟ್ಟುಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯ ಮೇಲೆ ತುರಿಕೆ, ಮುಂದೆ ಬಿಳಿಯ ಮಚ್ಚೆ ಉಂಟಾಗುವುದನ್ನು ಚರ್ಮವೈದ್ಯರು ಗುರುತಿಸಿದ್ದಾರೆ. ತುರಿಕೆ ಕಂಡ ದಿನವೇ ಅಂತಹ ಬೊಟ್ಟನ್ನು ನಿಲ್ಲಿಸಬೇಕು. ಚರ್ಮದ ಮೇಲಿನ ಅಂಟಿಗೆ ಕೊಬ್ಬರಿ ಎಣ್ಣೆಯೇ ಸಾಕು, ಥಿನ್ನರ್ ಬೇಡ.

ಕೊನೆಯದಾಗಿ, ಕಾಪಿಡುವ ಕ್ರಮ. ಅಂಟು ಮತ್ತು ದ್ರಾವಕಗಳನ್ನು ಅವು ಬಂದ ಡಬ್ಬಿಯಲ್ಲಿಯೇ, ಬಿಗಿಯಾಗಿ ಮುಚ್ಚಿ, ಮಕ್ಕಳ ಕೈಗೆ ನಿಲುಕದ ತಂಪಾದ ಸ್ಥಳದಲ್ಲಿ, ಅಡಿಗೆಮನೆಯಿಂದಲೂ ಔಷಧದ ಕಪಾಟಿನಿಂದಲೂ ದೂರ ಇಡಬೇಕು. ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟ ಥಿನ್ನರನ್ನು ಮಗು ಪಾನೀಯವೆಂದೇ ಕುಡಿಯುತ್ತದೆ. ಹಾಗೆ ಕುಡಿದಾಗ ವಾಂತಿ ಮಾಡಿಸಲೇಬಾರದು. ಮೇಲಕ್ಕೆ ಬರುವ ದ್ರವ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚುತ್ತದೆ. ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಮಗುವನ್ನು ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು. ಡಬ್ಬಿಯ ಮೇಲಿನ ಬರಹ ಓದಲು ಬಾರದವರು ಕೂಡ ಜ್ವಾಲೆಯ ಚಿತ್ರವೊಂದನ್ನು ಗುರುತಿಸಿಕೊಂಡರೆ ಅರ್ಧ ಅಪಾಯ ತಪ್ಪಿದಂತೆ.

ಅಂಟಿನ ಕಲೆ ಇಂದು ಹೋಗದಿದ್ದರೆ ನಾಳೆ ಹೋಗುತ್ತದೆ. ಅದಕ್ಕಾಗಿ ಅವಸರಪಡಬೇಕಾದ ಕಾರಣವಿಲ್ಲ. ನಾಲ್ಕು ಹನಿ ಎಣ್ಣೆಯಿಂದ ಆಗುವ ಕೆಲಸಕ್ಕೆ ಬೆಂಕಿಯನ್ನು ಮನೆಯೊಳಕ್ಕೆ ಕರೆತರುವುದು ಜಾಣತನವಲ್ಲ. ಈ ವಿವೇಕ ಮನೆಯ ಹಿರಿಯರಿಂದ ಕಿರಿಯರಿಗೆ ಬಂದರೆ ಪಾತ್ರೆಯೂ ಹೊಳೆಯುತ್ತದೆ, ಮನೆಯೂ ಕ್ಷೇಮವಾಗಿರುತ್ತದೆ.