‘ಒಂದು ವಾರ ರಜೆ’ ಅಂದ್ರು, ಎಂಟು ತಿಂಗಳಾಯ್ತು: ಟಿಕೆಟ್, ಸೆಮಿಸ್ಟರ್ ಮತ್ತು ರೀಫಂಡ್ ಲೆಕ್ಕ

 

ಎಲ್ಲೋ ಒಂದು ಕಡೆ ಹೊಸ ವೈರಸ್ ಅಂತ ಸುದ್ದಿ ಬಂದ ತಕ್ಷಣ ನನ್ನ ಇನ್‌ಬಾಕ್ಸಿಗೆ ಎರಡು ಪ್ರಶ್ನೆ ಬರುತ್ತೆ. ಒಂದು, ‘ಟ್ರಿಪ್ ಬುಕ್ ಆಗಿದೆ, ಈಗ್ಲೇ ಕ್ಯಾನ್ಸಲ್ ಮಾಡ್ಬೇಕಾ?’ ಇನ್ನೊಂದು, ‘ಎಕ್ಸಾಂ ಮುಂದಕ್ಕೆ ಹೋಗುತ್ತಾ?’ ಮುಂದೆ ಏನಾಗುತ್ತೆ ಅಂತ ನಾನು ಹೇಳಕ್ಕಾಗಲ್ಲ. ಆದರೆ 2020ರಲ್ಲಿ ಇದೇ ಎರಡು ಪ್ರಶ್ನೆಗೆ ಏನು ಉತ್ತರ ಸಿಕ್ತು, ಆ ಲೆಕ್ಕವನ್ನ ಕೂತು ಬಿಡಿಸಬಹುದು. ಈಗ ಕಾಲೇಜಲ್ಲಿರೋ ನಿಮ್ಮಲ್ಲಿ ಬಹಳ ಜನ ಆಗ ಇನ್ನೂ ಸ್ಕೂಲಲ್ಲಿದ್ರಿ. ನಿಮಗೆ ಆನ್‌ಲೈನ್ ಕ್ಲಾಸ್ ನೆನಪಿರುತ್ತೆ, ಟಿಕೆಟ್ ಗಲಾಟೆ ನೆನಪಿರಲ್ಲ. ಅದಕ್ಕೇ ಇವತ್ತಿನ ಮಾತು.

ಮೊದಲು ತಾರೀಖುಗಳನ್ನ ನೋಡಿಬಿಡೋಣ. 2020 ಮಾರ್ಚ್ 9ಕ್ಕೆ ಬೆಂಗಳೂರಲ್ಲಿ ಕರ್ನಾಟಕದ ಮೊದಲ ಕೋವಿಡ್ ಕೇಸ್. ಮಾರ್ಚ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಪ್ಯಾಂಡೆಮಿಕ್ ಅಂತ ಕರೀತು. ಮರುದಿನ, ಕಲಬುರಗಿಯ 76 ವರ್ಷದ ಹಿರಿಯರ ಸಾವು ಕೋವಿಡ್‌ನಿಂದಲೇ ಅಂತ ಖಚಿತವಾಯ್ತು. ಅದು ದೇಶದಲ್ಲೇ ಮೊದಲ ಸಾವು. ಮಾರ್ಚ್ 13, ಶುಕ್ರವಾರ, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರು ಮಾಲ್, ಸಿನಿಮಾ ಥಿಯೇಟರ್, ವಿಶ್ವವಿದ್ಯಾಲಯ ಎಲ್ಲ ಬಂದ್ ಅಂತ ಘೋಷಿಸಿದರು. ಎಷ್ಟು ದಿನ? ಒಂದು ವಾರ.

ಈ ‘ಒಂದು ವಾರ’ ಅನ್ನೋ ಎರಡು ಪದ ಗಮನದಲ್ಲಿಟ್ಕೊಳ್ಳಿ. ಹಾಸ್ಟೆಲಲ್ಲಿದ್ದವರು ಒಂದು ವಾರಕ್ಕೆ ಬೇಕಾದಷ್ಟೇ ಬಟ್ಟೆ ಬ್ಯಾಗಿಗೆ ತುಂಬ್ಕೊಂಡು ಊರಿಗೆ ಹೋದ್ರು. ಹೇಗೂ ಮಾರ್ಚ್ 25ಕ್ಕೆ ಯುಗಾದಿ, ಹಬ್ಬ ಮುಗಿಸ್ಕೊಂಡೇ ಬರೋಣ ಅಂತ ಲೆಕ್ಕ. ನೋಟ್ಸು, ರೆಕಾರ್ಡ್ ಬುಕ್ಕು, ಕೆಲವರ ಒರಿಜಿನಲ್ ಮಾರ್ಕ್ಸ್‌ಕಾರ್ಡು, ಎಲ್ಲ ರೂಮಲ್ಲೇ ಉಳೀತು. ಯುಗಾದಿ ದಿನವೇ ದೇಶದ ಲಾಕ್‌ಡೌನ್‌ನ ಮೊದಲ ದಿನ ಆಯ್ತು. ಆಮೇಲೆ ಎಷ್ಟೋ ಹಾಸ್ಟೆಲ್‌ಗಳನ್ನ ಕ್ವಾರಂಟೈನ್ ಕೇಂದ್ರ ಮಾಡಿದ್ರು. ರಾಜ್ಯದಲ್ಲಿ ಡಿಗ್ರಿ ಕಾಲೇಜುಗಳ ಬಾಗಿಲು ಮತ್ತೆ ತೆರೆದಿದ್ದು ನವೆಂಬರ್ 17ಕ್ಕೆ. ಅಂದ್ರೆ ಒಂದು ವಾರ ಹೋಗಿ ಎಂಟು ತಿಂಗಳು. ಅದೂ ಕೋವಿಡ್ ಟೆಸ್ಟ್ ನೆಗೆಟಿವ್ ರಿಪೋರ್ಟು, ಪೋಷಕರ ಒಪ್ಪಿಗೆ ಪತ್ರ ಎರಡೂ ಹಿಡ್ಕೊಂಡು ಹೋಗ್ಬೇಕಿತ್ತು.

ಯಾರೋ ಬೇಕಂತ ಸುಳ್ಳು ಹೇಳಿದ್ರು ಅಂತಲ್ಲ. ಈ ಸೋಂಕು ಎಷ್ಟು ದಿನ ಇರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಬಂದ್ ಅನ್ನೋದು ಕಂತಿನಲ್ಲಿ ಬಂತು. ಲಾಕ್‌ಡೌನ್ ಮೊದಲು ಏಪ್ರಿಲ್ 14ರ ತನಕ ಅಂದ್ರು. ಆಮೇಲೆ ಮೇ 3. ಆಮೇಲೆ ಮೇ 17. ಆಮೇಲೆ ಮೇ 31. ನಾವೆಲ್ಲ ಒಂದೊಂದು ಕಂತಿಗೂ ಹೊಸದಾಗಿ ಪ್ಲಾನ್ ಮಾಡಿದ್ವಿ, ಒಂದೊಂದು ಕಂತಿಗೂ ಅದು ಮುರೀತು. ಇವತ್ತು ನಾನು ಹೇಳಬೇಕಿರೋ ಮುಖ್ಯ ವಿಷಯ ಇದೇ. ಪ್ಯಾಂಡೆಮಿಕ್ ನಮ್ಮ ಪ್ಲಾನನ್ನ ಒಂದೇ ಏಟಿಗೆ ಹಾಳು ಮಾಡಲ್ಲ. ಸ್ವಲ್ಪ ಸ್ವಲ್ಪ ಮುಂದಕ್ಕೆ ಹಾಕುತ್ತೆ. ಪ್ರತಿ ಸಲ ಮುಂದಕ್ಕೆ ಹೋದಾಗಲೂ ಯಾರೋ ಒಬ್ರ ಜೇಬಿಂದ ಏನೋ ಒಂದು ಕಳೆದುಹೋಗುತ್ತೆ.

ಈಗ ಟಿಕೆಟ್ ವಿಷಯಕ್ಕೆ ಬರೋಣ. ಆಗ ರೈಲು ಟಿಕೆಟನ್ನ 120 ದಿನ ಮುಂಚೆ ಬುಕ್ ಮಾಡಬಹುದಿತ್ತು. ಈಗ ಅದು 60 ದಿನ. ಹಾಗಾಗಿ ಬೇಸಿಗೆ ರಜೆಯ ಟಿಕೆಟ್‌ಗಳನ್ನ ಜನ ಜನವರಿಯಲ್ಲೇ ಮಾಡ್ಸಿದ್ರು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ಅವತ್ತೇ ಪ್ಯಾಸೆಂಜರ್ ರೈಲುಗಳೆಲ್ಲ ನಿಂತವು. ದಿನಕ್ಕೆ 13 ಸಾವಿರಕ್ಕೂ ಹೆಚ್ಚು ಪ್ಯಾಸೆಂಜರ್ ರೈಲು ಓಡಿಸೋ ವ್ಯವಸ್ಥೆ ಪೂರ್ತಿ ಸ್ತಬ್ಧ. ಆಗ ಐಆರ್‌ಸಿಟಿಸಿ ಒಂದು ಮಾತು ಹೇಳ್ತು: ಇ-ಟಿಕೆಟ್ ಇರೋರು ನೀವಾಗೇ ಕ್ಯಾನ್ಸಲ್ ಮಾಡಕ್ಕೆ ಹೋಗ್ಬೇಡಿ, ರೈಲು ರದ್ದಾದರೆ ಪೂರ್ತಿ ಹಣ ತಾನಾಗೇ ವಾಪಸ್ ಬರುತ್ತೆ. ಕೌಂಟರ್ ಟಿಕೆಟ್ ಇದ್ದೋರಿಗೂ ಹಣ ವಾಪಸ್ ಪಡೆಯೋ ಗಡುವನ್ನ ತಿಂಗಳುಗಟ್ಟಲೆ ವಿಸ್ತರಿಸಿದ್ರು.

ವಿಮಾನದ ಕಥೆ ಬೇರೆ. ದೇಶದೊಳಗಿನ ವಿಮಾನಗಳು ಮಾರ್ಚ್ 25ಕ್ಕೆ ನಿಂತು, ಮೇ 25ಕ್ಕೆ ಮತ್ತೆ ಶುರುವಾದವು. ಆದರೆ ಲಾಕ್‌ಡೌನ್ ಏಪ್ರಿಲ್ 14ಕ್ಕೆ ಮುಗಿಯುತ್ತೆ ಅಂತ ನಂಬಿ, ಅದರ ಮುಂದಿನ ದಿನಗಳಿಗೆ ಕಂಪನಿಗಳು ಟಿಕೆಟ್ ಮಾರ್ತಾನೇ ಇದ್ದವು. ಜನ ಕೊಂಡ್ರು. ಲಾಕ್‌ಡೌನ್ ಮುಂದಕ್ಕೆ ಹೋಯ್ತು. ಹಣ ಎಲ್ಲಿ ಅಂದ್ರೆ ‘ಕ್ರೆಡಿಟ್ ಶೆಲ್‌ನಲ್ಲಿದೆ’ ಅಂದ್ರು. ಅಂದ್ರೆ ದುಡ್ಡು ಕೊಡಲ್ಲ, ನಿಮ್ಮ ಹೆಸರಲ್ಲಿ ಜಮಾ ಇರುತ್ತೆ, ಮುಂದೆ ಇದೇ ಕಂಪನಿಯ ವಿಮಾನದಲ್ಲಿ ಹಾರಿ ಅಂತ.

ಕಾಮರ್ಸ್ ಓದಿರೋರಿಗೆ ಇದು ಕೂಡಲೇ ಗೊತ್ತಾಗುತ್ತೆ. ಸೇವೆ ಕೊಡೋಕೆ ಮುಂಚೆ ತಗೊಂಡ ಅಡ್ವಾನ್ಸ್ ಹಣ ಕಂಪನಿಯ ಆದಾಯ ಅಲ್ಲ, ಅದು ಕಂಪನಿಯ ಸಾಲ. ಬ್ಯಾಲೆನ್ಸ್ ಶೀಟಲ್ಲಿ ಲಯಬಿಲಿಟಿ ಕಡೆ ಕೂರುತ್ತೆ. ಅಂದ್ರೆ ಆ ಬೇಸಿಗೆಯಲ್ಲಿ ಟಿಕೆಟ್ ತಗೊಂಡ ಪ್ರತಿಯೊಬ್ರೂ, ಸಂಬಳ ಸರಿಯಾಗಿ ಬರದೇ ಇದ್ದೋರೂ ಸೇರಿ, ವಿಮಾನ ಕಂಪನಿಗೆ ಬಡ್ಡಿ ಇಲ್ಲದ ಸಾಲ ಕೊಟ್ಟಂಗಾಯ್ತು.

ಪ್ರವಾಸಿ ಲೀಗಲ್ ಸೆಲ್ ಅನ್ನೋ ಸಂಸ್ಥೆ ಇದನ್ನ ಸುಪ್ರೀಂ ಕೋರ್ಟ್‌ಗೆ ಒಯ್ದಿತು. 2020 ಅಕ್ಟೋಬರ್ 1ಕ್ಕೆ ಆದೇಶ ಬಂತು. ಲಾಕ್‌ಡೌನ್ ಸಮಯದಲ್ಲೇ ಬುಕ್ ಮಾಡಿ, ಲಾಕ್‌ಡೌನ್ ಸಮಯದ ಪ್ರಯಾಣಕ್ಕೆ ತಗೊಂಡ ಟಿಕೆಟ್‌ಗೆ ಪೂರ್ತಿ ಹಣ ಕೊಡಿ ಅಂತು. ಅದಕ್ಕೂ ಮುಂಚೆ ಬುಕ್ ಮಾಡಿದ್ದಕ್ಕೆ 15 ದಿನದಲ್ಲಿ ಕೊಡಕ್ಕೆ ಪ್ರಯತ್ನ ಮಾಡಿ, ಕಂಪನಿ ಕಷ್ಟದಲ್ಲಿದ್ರೆ 2021 ಮಾರ್ಚ್ 31ರ ತನಕ ಕ್ರೆಡಿಟ್ ಶೆಲ್ ಕೊಡಿ, ಆದರೆ ಸುಮ್ಮನೆ ಅಲ್ಲ. 2020 ಜೂನ್ 30ರ ತನಕ ತಿಂಗಳಿಗೆ ಶೇ. 0.5, ಆಮೇಲೆ ಶೇ. 0.75 ಸೇರಿಸಿ ಕೊಡಿ ಅಂತು.

ಲೆಕ್ಕ ಹಾಕೋಣ. ಮಾರ್ಚ್ ಕೊನೆಗೆ ರದ್ದಾದ 5,000 ರೂಪಾಯಿ ಟಿಕೆಟ್. ಮೊದಲ ಮೂರು ತಿಂಗಳಿಗೆ 25 ರೂಪಾಯಿ ಹಾಗೆ 75. ಮುಂದಿನ ಒಂಬತ್ತು ತಿಂಗಳಿಗೆ 37.50 ಹಾಗೆ 337.50. ಒಟ್ಟು 412 ರೂಪಾಯಿ 50 ಪೈಸೆ. ದೊಡ್ಡ ಮೊತ್ತ ಅಲ್ಲ. ಆದರೆ ಕಾದಿದ್ದಕ್ಕೂ ಒಂದು ಬೆಲೆ ಇದೆ ಅಂತ ಕೋರ್ಟ್ ಒಪ್ಪಿಕೊಂಡಿತಲ್ಲ, ಅದು ದೊಡ್ಡ ವಿಷಯ.

ಈಗ ಕಾಲೇಜಿಗೆ ಬನ್ನಿ. ಅಲ್ಲಿ ಕಾದಿದ್ದಕ್ಕೆ ಬೆಲೆ ಯಾರು ಕಟ್ಟಿದ್ರು?

ದ್ವಿತೀಯ ಪಿಯುಸಿ ಮಕ್ಕಳಿಗೆ ಮಾರ್ಚ್ 23ರ ಇಂಗ್ಲಿಷ್ ಪೇಪರ್ ಒಂದೇ ಬಾಕಿ ಇತ್ತು. ಅದನ್ನ ಮುಂದಕ್ಕೆ ಹಾಕಿದ್ರು. ನಡೆದಿದ್ದು ಜೂನ್ 18ಕ್ಕೆ. ಒಂದೇ ಒಂದು ಪೇಪರಿಗೆ 87 ದಿನ. ಪುಸ್ತಕ ಮುಚ್ಚೋ ಹಾಗೂ ಇಲ್ಲ, ಓದೋಕೆ ಮನಸ್ಸೂ ಇಲ್ಲ. ಏಪ್ರಿಲ್‌ನಲ್ಲಿ ಆಗ್ಬೇಕಿದ್ದ ಸಿಇಟಿ ಜುಲೈ ಕೊನೆಗೆ ಹೋಯ್ತು. ಮೇ 3ರ ನೀಟ್ ಮೊದಲು ಜುಲೈಗೆ, ಆಮೇಲೆ ಸೆಪ್ಟೆಂಬರ್ 13ಕ್ಕೆ.

ಡಿಗ್ರಿಯವರದ್ದು ಇನ್ನೂ ಗೊಂದಲ. ಫೈನಲ್ ಇಯರ್ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ಆಗಲೇಬೇಕು ಅಂತ ಜುಲೈ 6ಕ್ಕೆ ಯುಜಿಸಿ ಹೇಳ್ತು. ಜುಲೈ 10ಕ್ಕೆ ಕರ್ನಾಟಕ ಸರ್ಕಾರ, ಫೈನಲ್ ಇಯರ್ ಬಿಟ್ಟು ಉಳಿದವರಿಗೆ ಪರೀಕ್ಷೆ ಇಲ್ಲ, ಪಾಸ್ ಮಾಡ್ತೀವಿ ಅಂತು. ಮಾರ್ಕ್ಸ್ ಹೇಗೆ? ಅರ್ಧ ಇಂಟರ್ನಲ್‌ನಿಂದ, ಅರ್ಧ ಹಿಂದಿನ ಸೆಮಿಸ್ಟರ್‌ನಿಂದ. ಫೈನಲ್ ಇಯರ್ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯ್ತು. ಪರೀಕ್ಷೆ ಇಲ್ಲದೆ ಡಿಗ್ರಿ ಕೊಡೋ ಹಾಗಿಲ್ಲ, ಬೇಕಿದ್ರೆ ರಾಜ್ಯಗಳು ಗಡುವು ಮುಂದಕ್ಕೆ ಕೇಳಲಿ ಅಂತ ಆಗಸ್ಟ್ 28ಕ್ಕೆ ತೀರ್ಪು ಬಂತು. ಅಂದ್ರೆ ಜುಲೈ, ಆಗಸ್ಟ್ ಪೂರ್ತಿ ಕೊನೆ ವರ್ಷದವರಿಗೆ ಪರೀಕ್ಷೆ ಇದೆಯೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲ. ಆಫರ್ ಲೆಟರ್ ಕೊಟ್ಟ ಕಂಪನಿ ‘ಜಾಯಿನಿಂಗ್ ಡೇಟ್ ತಿಳಿಸ್ತೀವಿ’ ಅಂತ ಮೇಲ್ ಮಾಡಿ ಸುಮ್ಮನಾಗ್ತಿತ್ತು. ಮಲೆನಾಡಿನ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಸಿಗಲಿ ಅಂತ ಹುಡುಗ್ರು ಗುಡ್ಡದ ಮೇಲೆ ಟಾರ್ಪಾಲ್ ಕಟ್ಕೊಂಡು ಕ್ಲಾಸ್ ಕೇಳಿದ್ರು.

ಇನ್ನೂ ದೂರ ಹೋದೋರ ಪಾಡು ನೋಡಿ. ಚೀನಾದಲ್ಲಿ ಮೆಡಿಕಲ್ ಓದ್ತಿದ್ದ ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳು 2020ರ ಶುರುವಲ್ಲಿ ಮನೆಗೆ ಬಂದ್ರು. ಅವರು ವಾಪಸ್ ಹೋಗೋಕೆ ಚೀನಾ ದಾರಿ ಬಿಟ್ಟಿದ್ದು 2022ರಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಡಾಕ್ಟರ್ ಓದನ್ನ ಮೊಬೈಲ್ ಸ್ಕ್ರೀನಲ್ಲಿ ಓದಿದ್ರು. ಭಾರತದಿಂದ ಮಾಮೂಲಿ ಅಂತಾರಾಷ್ಟ್ರೀಯ ವಿಮಾನ ಶುರುವಾಗಿದ್ದೇ 2022 ಮಾರ್ಚ್ 27ಕ್ಕೆ.

ಇಲ್ಲೊಂದು ಸಣ್ಣ ವಿಷಯ ಹೇಳ್ಬೇಕು. ನಾನು ಆಗ ಬಿ.ಕಾಂ ಕೊನೆ ಸೆಮಿಸ್ಟರ್. ನಮ್ಮ ಕ್ಲಾಸಿನ 14 ಜನ ಏಪ್ರಿಲ್‌ನಲ್ಲಿ ಊಟಿ, ಕೊಡೈಕನಾಲ್ ಅಂತ ಪ್ಲಾನ್ ಮಾಡಿ, ತಲೆಗೆ 2,500 ಅಡ್ವಾನ್ಸ್ ಕಟ್ಟಿದ್ವಿ. ಟೂರ್ ರದ್ದಾಯ್ತು. ಟ್ರಾವೆಲ್ಸ್‌ನವರು ಹಣದ ಬದಲು ಒಂದು ವರ್ಷದ ಕ್ರೆಡಿಟ್ ನೋಟ್ ಕೊಟ್ರು. ಅವರ ಕಷ್ಟವೂ ಇತ್ತು ಅನ್ನಿ, ಗಾಡಿಗಳೆಲ್ಲ ಶೆಡ್ಡಲ್ಲಿ ನಿಂತಿದ್ವು, ಇಎಂಐ ನಿಂತಿರಲಿಲ್ಲ. 13 ಜನಕ್ಕೆ ಅದು ಬೇಜಾರು ಅಷ್ಟೇ. ಒಬ್ಬನಿಗೆ ಮಾತ್ರ ಹಾಗಿರಲಿಲ್ಲ. ಅವನಪ್ಪ ಆಟೋ ಓಡಿಸ್ತಿದ್ರು, ಎರಡು ತಿಂಗಳು ಆಟೋ ರೋಡಿಗೇ ಇಳಿದಿರಲಿಲ್ಲ. ಅವನಿಗೆ 2,500 ರೂಪಾಯಿ ಅಂದ್ರೆ ಮನೆ ರೇಷನ್. ಅವನು ಬಾಯಿ ಬಿಟ್ಟು ಕೇಳಲಿಲ್ಲ. ಗ್ರೂಪಲ್ಲಿ ಒಬ್ಳು ಹುಡುಗಿ ಹೇಳಿದ್ಲು, ‘ಅವನ ಪಾಲನ್ನ ನಾವೇ ಕೊಂಡ್ಕೊಂಡ್ರಾಯ್ತು.’ ಉಳಿದ 13 ಜನ ತಲೆಗೆ ಹೆಚ್ಚುಕಮ್ಮಿ ಇನ್ನೂರು ಹಾಕಿ ಅವನಿಗೆ ಕಳಿಸಿದ್ವಿ.

ಆ ಕ್ರೆಡಿಟ್ ನೋಟ್ ಕೊನೆಗೂ ಉಪಯೋಗ ಆಗಲಿಲ್ಲ. ಮುಂದಿನ ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದಿತ್ತು. ಅಷ್ಟರಲ್ಲಿ ಒಬ್ಬ ಹುಬ್ಬಳ್ಳಿಯಲ್ಲಿ, ಒಬ್ಳು ಪುಣೆಯಲ್ಲಿ, ಒಬ್ಬನಿಗೆ ಕೆಲಸದಲ್ಲಿ ರಜೆ ಇಲ್ಲ. ಟೂರ್ ಹೋಗೋಕೆ ಬಸ್ ಇದ್ರೆ ಸಾಲದು, ಕ್ಲಾಸ್ ಇರ್ಬೇಕು. ಕ್ಲಾಸ್ ಮುಗಿದಿತ್ತು.

ಹಾಗಾದ್ರೆ ಮುಂದೆ ಇಂಥದ್ದು ಬಂದ್ರೆ ಏನು ಮಾಡೋದು? ಆಗಿರೋದ್ರಿಂದ ಕಲಿಯಬಹುದಾದ ನಾಲ್ಕು ಮಾತು ಹೇಳ್ತೀನಿ.

ಮೊದಲನೇದು, ಭಯಕ್ಕೆ ಬಿದ್ದು ನೀವೇ ಮೊದಲು ಕ್ಯಾನ್ಸಲ್ ಬಟನ್ ಒತ್ತಬೇಡಿ. ನೀವು ರದ್ದು ಮಾಡಿದ್ರೆ ಕ್ಯಾನ್ಸಲೇಶನ್ ಚಾರ್ಜ್ ನಿಮ್ಮದು. ಅವರು ರದ್ದು ಮಾಡಿದ್ರೆ ಪೂರ್ತಿ ಹಣ ಕೇಳೋ ಹಕ್ಕು ನಿಮ್ಮದು. ಹಾಗಂತ ಜ್ವರ ಇಟ್ಕೊಂಡು, ಹಣ ಹೋಗುತ್ತೆ ಅಂತ ಬಸ್ ಹತ್ತಬೇಡಿ. ಅಲ್ಲಿ ಲೆಕ್ಕ ಟಿಕೆಟ್ಟಿದ್ದಲ್ಲ, ಪಕ್ಕದ ಸೀಟಲ್ಲಿ ಕೂತಿರೋರದ್ದು.

ಎರಡನೇದು, ಹಣ ಯಾರ ಖಾತೆಗೆ ಹೋಯ್ತು ಅಂತ ನೋಡ್ಕೊಳ್ಳಿ. ರೀಫಂಡ್ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ಏಜೆಂಟ್ ಮೂಲಕ ಮಾಡಿದ್ರೆ ಏಜೆಂಟ್‌ಗೆ ಹೋಗಿ ಆಮೇಲೆ ನಿಮಗೆ. ಗ್ರೂಪ್ ಟೂರ್ ಆದ್ರೆ, ಸರ್ಕಾರದ ಆದೇಶದಿಂದ ರದ್ದಾದ್ರೆ ಹಣ ಕೊಡ್ತೀರೋ, ಕ್ರೆಡಿಟ್ ನೋಟೋ, ಅದರ ಕೊನೆ ದಿನಾಂಕ ಯಾವಾಗ ಅಂತ ಅಡ್ವಾನ್ಸ್ ಕಟ್ಟೋ ಮೊದಲೇ ವಾಟ್ಸ್‌ಆ್ಯಪ್‌ನಲ್ಲಾದ್ರೂ ಬರೆಸ್ಕೊಳ್ಳಿ.

ಮೂರನೇದು, ‘ಒಂದು ವಾರ ರಜೆ’ ಅಂದ್ರೆ ಮೂರು ತಿಂಗಳಿಗೆ ಪ್ಯಾಕ್ ಮಾಡಿ. ಮಾರ್ಕ್ಸ್‌ಕಾರ್ಡ್, ನೋಟ್ಸ್, ಲ್ಯಾಪ್‌ಟಾಪ್, ಮಾತ್ರೆ ಜೊತೆಯಲ್ಲೇ ಇರಲಿ. ಒಂದೇ ವಾರಕ್ಕೆ ವಾಪಸ್ ಬಂದ್ರೆ ನಷ್ಟ ಏನು, ಬ್ಯಾಗ್ ಸ್ವಲ್ಪ ಭಾರ ಅಷ್ಟೇ.

ನಾಲ್ಕನೇದು, ಇಂಟರ್ನಲ್ಸ್ ಹಗುರವಾಗಿ ತಗೋಬೇಡಿ. 2020ರಲ್ಲಿ ಮಾರ್ಚ್‌ಗೆ ಮುಂಚೆ ಬರೆದ ಇಂಟರ್ನಲ್ ಟೆಸ್ಟೇ ಅರ್ಧ ರಿಸಲ್ಟ್ ಆಯ್ತು. ‘ಮೇನ್ ಎಕ್ಸಾಂನಲ್ಲಿ ನೋಡ್ಕೊಳ್ಳೋಣ’ ಅಂತ ಇದ್ದೋರಿಗೆ ಮೇನ್ ಎಕ್ಸಾಂ ಬರಲೇ ಇಲ್ಲ.

ಕೊನೆಗೊಂದು ಮಾತು. ಟಿಕೆಟ್‌ಗೆ ಒಂದು ಕೋರ್ಟ್ ಆದೇಶ ಇದೆ, ಶೇಕಡಾವಾರು ಲೆಕ್ಕ ಇದೆ. ಕಾಲೇಜಿನ ಆ ಎಂಟು ತಿಂಗಳಿಗೆ ಅಂಥದ್ದೇನೂ ಇಲ್ಲ. ಅದು ಯಾರ ಲಯಬಿಲಿಟಿ ಕಾಲಮ್ಮಲ್ಲೂ ಕೂತಿಲ್ಲ. ಹಾಗಾಗಿ ಇಂಥ ಸಮಯದಲ್ಲಿ ನಿಮ್ಮ ಕ್ಲಾಸಲ್ಲಿ ಯಾರಿಗೆ ಡೇಟಾ ಪ್ಯಾಕ್ ಇಲ್ಲ, ಯಾರ ಮನೆಯಲ್ಲಿ ದುಡಿಮೆ ನಿಂತಿದೆ, ಯಾರು ಗ್ರೂಪಲ್ಲಿ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದಾರೆ ಅಂತ ನೀವೇ ನೋಡ್ಬೇಕಾಗುತ್ತೆ. ಸರ್ಕಾರದ ಆದೇಶ ಬರೋಕೆ ತಿಂಗಳು ಬೇಕು. ಇನ್ನೂರು ರೂಪಾಯಿ ಕಳಿಸೋಕೆ, ಒಂದು ಕಾಲ್ ಮಾಡೋಕೆ ಒಂದು ನಿಮಿಷ ಸಾಕು.

2020ರಲ್ಲಿ ನಿಮ್ಮ ಯಾವ ಪರೀಕ್ಷೆ, ಯಾವ ಪ್ರಯಾಣ ನಿಂತುಹೋಯ್ತು? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಕೆಲವನ್ನ ಕೇಳಿಸ್ತೀನಿ.