ಅಂಧ ಪಥಿಕರಿಗೆ ಮಾರ್ಗವಾಣಿ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ತರ್ಕ ವ್ಯಾಕರಣಗಳ ಪಾಠ ಹೇಳಿಕೊಂಡಿರುವವನಿಗೆ ಯಂತ್ರದ ವಿಷಯವನ್ನು ಮಾತನಾಡುವ ಅಧಿಕಾರವು ಎಲ್ಲಿಂದ ಬಂದಿತೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಯಂತ್ರವು ಎಂದು ಮಾತನಾಡತೊಡಗಿತೋ ಅಂದೇ ಅದು ತರ್ಕ ವ್ಯಾಕರಣಗಳ ಸೀಮೆಯೊಳಕ್ಕೆ ಕಾಲಿಟ್ಟಿತೆಂಬುದೇ ನನ್ನ ಉತ್ತರವು.

ಕೈಯಲ್ಲಿರುವ ಮೊಬೈಲು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ತಾನಿರುವ ಸ್ಥಳವನ್ನು ಗಣಿಸಿ, ಭೂಪಟದೊಡನೆ ತಾಳೆನೋಡಿ, ಇದು ಇಂಥ ಬೀದಿ, ಇಲ್ಲಿ ಬಲಕ್ಕೆ ತಿರುಗಿರಿ ಎಂದು ನುಡಿಯುವುದನ್ನು ತಾವೆಲ್ಲರೂ ಕೇಳಿದ್ದೀರಿ. ಈ ವಿದ್ಯೆಯು ನಮಗೆ ದೂರದ್ದೂ ಅಲ್ಲ. ನಮ್ಮ ದೇಶದ ಉಪಗ್ರಹಗಳ ಪಥದರ್ಶನ ವ್ಯವಸ್ಥೆಗೆಂದು ಇಸ್ರೋ ಸಂಸ್ಥೆಯವರು 2013ನೆಯ ಇಸವಿ ಮೇ 28ರಂದು ಕೇಂದ್ರವೊಂದನ್ನು ಉದ್ಘಾಟಿಸಿದ್ದು ನಮ್ಮ ನೆರೆಯ ಬ್ಯಾಲಾಳು ಗ್ರಾಮದಲ್ಲಿಯೇ. ಆಕಾಶದ ಲೆಕ್ಕವು ನಮ್ಮ ಮಗ್ಗುಲಲ್ಲಿ ನಡೆಯುತ್ತಿರುವಾಗ, ನಮ್ಮ ಬೀದಿಯಲ್ಲಿ ಕೋಲೂರಿ ನಡೆಯುವ ಅಂಧನೊಬ್ಬನಿಗೆ ಆ ಬೀದಿಯ ಹೆಸರು ಸರಿಯಾಗಿ ಕೇಳಿಸದಿದ್ದರೆ ಅದು ಉಪಗ್ರಹದ ಕೊರತೆಯಲ್ಲ, ಮಾತಿನ ಕೊರತೆ.

ಕಣ್ಣುಳ್ಳವನಿಗೆ ಈ ಕೊರತೆಯು ಬಾಧಿಸುವುದಿಲ್ಲ. ಯಂತ್ರವು ತಪ್ಪು ಹೇಳಿದರೆ ಅಂಗಡಿಯ ಹಲಗೆಯನ್ನು ನೋಡಿ ತಿದ್ದಿಕೊಳ್ಳುತ್ತಾನೆ. ಅಂಧನಿಗೆ ಆ ಪ್ರತ್ಯಕ್ಷ ಪ್ರಮಾಣವಿಲ್ಲ. ಬೀದಿಯ ಹೆಸರಿನ ವಿಷಯದಲ್ಲಿ ಶಬ್ದವೇ ಅವನಿಗೆ ಪ್ರಮಾಣ. ಇದ್ದುದನ್ನು ಇದ್ದಂತೆ ಹೇಳುವವನ ಮಾತು ಮಾತ್ರವೇ ಶಬ್ದಪ್ರಮಾಣವೆಂದೂ, ಅಂಥವನೇ ಆಪ್ತನೆಂದೂ ನಾವು ಪಾಠಶಾಲೆಯಲ್ಲಿ ಓದಿದ್ದೇವೆ. ಆದುದರಿಂದ ಮಾರ್ಗವಾಣಿಯು ಆಪ್ತವಾಕ್ಯವಾಗುವುದು ಹೇಗೆಂಬುದೇ ಇಂದಿನ ವಿಚಾರ.

ಮೊದಲನೆಯದು ಉಚ್ಚಾರಣೆ. ಭೂಪಟಗಳಲ್ಲಿ ನಮ್ಮ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷ್ ಲಿಪಿಯಲ್ಲಿವೆ. ಆ ಲಿಪಿಯಲ್ಲಿ ಬರೆದ ಪೇಟೆಯನ್ನು ಇಂಗ್ಲಿಷಿನ ಕ್ರಮದಂತೆ ಓದಿದರೆ ಪೀಟ್ ಎಂದಾಗುತ್ತದೆ; ಕೋಟೆಯು ಕೋಟ್ ಆಗುತ್ತದೆ. ಬೀದಿಗೂ ಬೀಡಿಗೂ ಭೇದವುಳಿಯುವುದಿಲ್ಲ. ಮಾಗಡಿಯ ದೀರ್ಘವು ಹೋಗುತ್ತದೆ, ಚನ್ನಪಟ್ಟಣದ ಣಕಾರವು ನಕಾರವಾಗುತ್ತದೆ. ಚನ್ನಪಟ್ಟಣದ ಶುಕ್ರವಾರಪೇಟೆಗೆ ಹೋಗಬೇಕಾದವನು ಪೀಟ್ ಎಂಬುದನ್ನು ಕೇಳಿ ಏನೆಂದು ತಿಳಿಯಬೇಕು? ಈಗ ಕನ್ನಡವನ್ನು ಓದಿ ಹೇಳುವ ಯಂತ್ರಧ್ವನಿಗಳು ಇವೆ. ಆದರೆ ಅವು ಓದುವುದಕ್ಕೆ ಕನ್ನಡದ ಅಕ್ಷರಗಳು ಭೂಪಟದಲ್ಲಿ ಇರಬೇಕಷ್ಟೆ. ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿಡುವುದೇ ಇದಕ್ಕೆ ಮುಖ್ಯವಾದ ಔಷಧ.

ಉಚ್ಚಾರಣೆಯು ಶುದ್ಧವಾದ ಮಾತ್ರಕ್ಕೆ ವಾಕ್ಯಾರ್ಥವು ಸಿದ್ಧಿಸದು. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಿದಾಗಲೇ ವಾಕ್ಯದಿಂದ ಅರ್ಥವು ತಿಳಿಯುವುದೆಂದು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನೂ ಹೇಳಬಲ್ಲನು. ಈ ಮೂರನ್ನು ಮಾರ್ಗವಾಣಿಗೆ ಅನ್ವಯಿಸಿ ನೋಡೋಣ.

ಯೋಗ್ಯತೆಯೆಂದರೆ ಮಾತು ವಸ್ತುಸ್ಥಿತಿಗೆ ಹೊಂದುವುದು. ಬೆಂಕಿಯಿಂದ ನೆನೆಸು ಎಂದರೆ ಅರ್ಥವಾಗದು. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯೆಂಬುದೊಂದಿದೆ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯೂ ಜನರ ಬಾಯಲ್ಲಿ ಮಾಗಡಿ ರಸ್ತೆಯೇ. ಬೆಂಗಳೂರಿನವರು ಕನಕಪುರ ರಸ್ತೆಯೆನ್ನುವುದನ್ನು ಕನಕಪುರದವರು ಬೆಂಗಳೂರು ರಸ್ತೆಯೆನ್ನುತ್ತಾರೆ. ನಮ್ಮ ಈ ನಾಲ್ಕು ಪಟ್ಟಣಗಳಲ್ಲಿ ರಸ್ತೆಯ ಹೆಸರೆಂಬುದು ಬಹಳ ಕಡೆ ವ್ಯಕ್ತಿಯ ಹೆಸರಲ್ಲ, ದಿಕ್ಕಿನ ಹೆಸರು. ಆದಕಾರಣ ಮಾಗಡಿ ರಸ್ತೆ ಎಂದಷ್ಟೇ ಹೇಳಿದರೆ ಅರ್ಧ ವಾಕ್ಯವಾಯಿತು. ಮಾಗಡಿಯ ಕಡೆಗೆ ನಡೆಯುತ್ತಿದ್ದೀರಿ, ಅಥವಾ ಮಾಗಡಿಯು ಬೆನ್ನ ಹಿಂದಿದೆ ಎಂದರೆ ಪೂರ್ಣವಾಯಿತು. ಕಾಲಭೇದದಿಂದ ಹೆಸರು ಬದಲಾಗುವುದೂ ಉಂಟು. ರಾಮನಗರವು ಹಿಂದೆ ಕ್ಲೋಸ್‌ಪೇಟೆ, ಕನಕಪುರವು ಕಾನಕಾನಹಳ್ಳಿ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಬಂದಿತು. 2023ರಲ್ಲಿ ತೆರೆದ ಮೈಸೂರಿನ ಹೊಸ ಹೆದ್ದಾರಿಯು ರಾಮನಗರ ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗೆ ಹೋಗಿದೆ. ಊರ ನಡುವಿನ ಹಳೆಯ ರಸ್ತೆಯಲ್ಲಿ ನಡೆಯುವವನಿಗೆ ಬರಿದೇ ಮೈಸೂರು ರಸ್ತೆಯೆಂದರೆ ಯಾವುದೆಂಬ ಸಂಶಯವು ಉಳಿಯುತ್ತದೆ. ಯಂತ್ರವು ಹಳೆಯ ಹೆಸರನ್ನೂ ಹೊಸ ಹೆಸರನ್ನೂ ತಿಳಿದಿದ್ದು, ಜನರು ಈಗ ಆಡುವ ಹೆಸರನ್ನೇ ನುಡಿಯತಕ್ಕದ್ದು.

ಆಕಾಂಕ್ಷೆಯೆಂದರೆ ಕೇಳುವವನ ಮನಸ್ಸು ಮುಂದೆ ಯಾವುದನ್ನು ಬಯಸುವುದೋ ಅದು. ಬಂಡಿ ಓಡಿಸುವವನಿಗೆ ಎಲ್ಲಿ ತಿರುಗಬೇಕೆಂಬುದು ತಿಳಿದರೆ ಸಾಕು; ಅಂಧ ಪಥಿಕನಿಗೆ ತಾನು ಎಲ್ಲಿದ್ದೇನೆಂಬುದು ಮೊದಲು ಬೇಕು. ನಾಲ್ಕು ದಾರಿ ಕೂಡುವಲ್ಲಿ ಯಾವ ದಾರಿ ಯಾವ ಮಗ್ಗುಲಲ್ಲಿದೆಯೆಂದು ಕ್ರಮವಾಗಿ ಹೇಳಬೇಕು. ರಾಮನಗರದಲ್ಲಿ ಬೆಂಗಳೂರನ್ನು ಬೆನ್ನಿಗೆ ಮಾಡಿ ಚನ್ನಪಟ್ಟಣಕ್ಕೆ ಮುಖವಾಗಿ ನಿಂತವನಿಗೆ ಮಾಗಡಿಯ ಸೀಮೆ ಬಲಕ್ಕೆ, ಕನಕಪುರದ ಸೀಮೆ ಎಡಕ್ಕೆ. ಅವನು ಹಿಂದಿರುಗಿ ನಿಂತರೆ ಎರಡೂ ಅದಲುಬದಲು. ಆದುದರಿಂದ ನಿಂತವನ ಮುಖವನ್ನು ಅರಿಯದೆ ಎಡಬಲಗಳನ್ನು ನುಡಿಯಲಾಗದು. ಈ ಆಕಾಂಕ್ಷೆಯನ್ನು ಲೋಕದಲ್ಲಿ ಕೆಲವರು ಅರಿತಿದ್ದಾರೆ. ಮೈಕ್ರೋಸಾಫ್ಟಿನವರು 2018ರಲ್ಲಿ ಹೊರತಂದ ಸೌಂಡ್‌ಸ್ಕೇಪ್ ಎಂಬ ಸಾಧನವು ಬಲಗಡೆಯ ಬೀದಿಯ ಹೆಸರು ಬಲಗಡೆಯಿಂದಲೇ ಕೇಳಿಬರುವಂತೆ ಧ್ವನಿಯನ್ನು ಹೊಂದಿಸಿತ್ತು. ಅವರು 2023ರಲ್ಲಿ ಅದನ್ನು ನಿಲ್ಲಿಸಿದರಾದರೂ ಅದರ ರಚನೆಯನ್ನು ಎಲ್ಲರಿಗೂ ತೆರೆದಿಟ್ಟರು. ಗೂಗಲ್ ಭೂಪಟದವರು ದೃಷ್ಟಿಹೀನ ಪಾದಚಾರಿಗಳಿಗೆಂದು ವಿಸ್ತಾರವಾದ ಸೂಚನೆಗಳನ್ನು 2019ರಲ್ಲಿ ಆರಂಭಿಸಿದಾಗ ಅವು ಮೊದಲು ದೊರೆತದ್ದು ಅಮೆರಿಕೆಯ ಇಂಗ್ಲಿಷಿಗೂ ಜಪಾನೀ ಭಾಷೆಗೂ.

ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ ಬರುವುದು. ಮುಂಜಾನೆ ಒಂದು ಪದವನ್ನೂ ಸಂಜೆ ಒಂದು ಪದವನ್ನೂ ಆಡಿದರೆ ವಾಕ್ಯವಾಗದು. ನಡೆಯುವವನು ಒಂದು ಕ್ಷಣಕ್ಕೆ ಮೀಟರಿಗಿಂತ ತುಸು ಹೆಚ್ಚಾಗಿಯೇ ಸಾಗುತ್ತಾನೆ. ಐದು ಕ್ಷಣದ ಸೂಚನೆಯು ಮುಗಿಯುವಷ್ಟರಲ್ಲಿ ಸಣ್ಣ ಓಣಿಯ ಬಾಯಿಯು ಹಿಂದಾಗಿರುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವು ಕೊನೆಗೆ ಬರುವುದಾಗಿ, ಹತ್ತು ಹೆಜ್ಜೆ ನಡೆದು ಶುಕ್ರವಾರಪೇಟೆಯ ಬೀದಿಗೆ ಬಲಕ್ಕೆ ತಿರುಗಿರಿ ಎಂಬಲ್ಲಿ ಬಲವೋ ಎಡವೋ ಎಂಬುದು ವಾಕ್ಯದ ಬಾಲದಲ್ಲಿ ತಿಳಿಯುತ್ತದೆ. ತಿರುವು ಸಮೀಪಿಸಿದಾಗ, ಬಲಕ್ಕೆ, ಹತ್ತು ಹೆಜ್ಜೆ, ಶುಕ್ರವಾರಪೇಟೆ ಎಂದು ಮುಖ್ಯವಾದುದನ್ನು ಮುಂದಿಡುವುದು ಲೇಸು. ಇನ್ನೊಂದು ಮಾತು. ಬಯಲಿನಲ್ಲಿಯೂ ಮೊಬೈಲಿನ ಗಣನೆಯು ಸುಮಾರು 5 ಮೀಟರು, ಎಂದರೆ 16 ಅಡಿಗಳಷ್ಟು, ಆಚೀಚೆಯಾಗಬಹುದು. ಗೋಡೆಗಳ ನಡುವೆ ಇನ್ನೂ ಹೆಚ್ಚು. ನಮ್ಮ ಹಳೆಯ ಪೇಟೆಯ ಎಷ್ಟೋ ಓಣಿಗಳ ಅಗಲವೇ ಅಷ್ಟಿಲ್ಲ. ಹೀಗಿರಲು ಯಂತ್ರವು ತನ್ನ ಸಂಶಯವನ್ನು ಮುಚ್ಚಿಡದೆ, ಸುಮಾರು ಎಂಬ ಪದವನ್ನು ಸೇರಿಸಿಯೇ ಹೇಳಬೇಕು. ತಿಳಿಯದುದನ್ನು ನಿಶ್ಚಯವೆಂಬಂತೆ ಹೇಳುವವನು ಆಪ್ತನಲ್ಲ; ತೆರೆದ ಚರಂಡಿಯ ಅಂಚಿನಲ್ಲಿ ಅಂಥವನ ಮಾತನ್ನು ನಂಬಿದವನ ಗತಿಯನ್ನು ತಾವೇ ಊಹಿಸಿರಿ.

ಹೇಳುವುದೆಷ್ಟು ಮುಖ್ಯವೋ ಸುಮ್ಮನಿರುವುದೂ ಅಷ್ಟೇ ಮುಖ್ಯ. ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರ ಕಿವಿಯು ಎಷ್ಟು ಸೂಕ್ಷ್ಮವನ್ನು ಗ್ರಹಿಸಬಲ್ಲುದೆಂಬುದನ್ನು ನಾಡಿಗೆ ತೋರಿಸಿಕೊಟ್ಟರು. ಬಸ್ಸಿನ ಸದ್ದು, ಗೊಂಬೆ ಕಡೆಯುವ ಯಂತ್ರದ ಸದ್ದು, ರೇಷ್ಮೆಗೂಡು ಬೇಯುವ ವಾಸನೆ, ಕೋಲಿಗೆ ತಗಲುವ ಮೆಟ್ಟಿಲು, ಇವೆಲ್ಲ ಅಂಧ ಪಥಿಕನಿಗೆ ದಾರಿಯ ಗುರುತುಗಳೇ. ಯಂತ್ರವು ಎಡೆಬಿಡದೆ ಮಾತನಾಡಿ ಆ ಕಿವಿಯನ್ನು ತುಂಬಿಬಿಟ್ಟರೆ ಉಪಕಾರಕ್ಕೆ ಬದಲಾಗಿ ಅಪಕಾರವಾದೀತು. ಕೇಳಿದಾಗ ವಿಸ್ತಾರವಾಗಿಯೂ, ಕೇಳದಿದ್ದಾಗ ಮಿತವಾಗಿಯೂ ನುಡಿಯುವುದೇ ಅದರ ಧರ್ಮ.

ಇವೆಲ್ಲವನ್ನೂ ದೂರದೇಶದ ಶಿಲ್ಪಿಗಳೇ ಮಾಡಲೆಂದು ನಾವು ಕುಳಿತಿರಬೇಕಾದುದಿಲ್ಲ. ಮಾತನಾಡುವ ಯಂತ್ರವನ್ನು ಅವರು ಮಾಡಬಲ್ಲರು. ನಮ್ಮ ಓಣಿಯ ಹೆಸರು ಅವರಿಗೆ ತಿಳಿಯದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭೂಪಟದಲ್ಲಿ ಯಾರು ಬೇಕಾದರೂ ತಮ್ಮ ಊರಿನ ಬೀದಿಯ ಹೆಸರನ್ನು ಕನ್ನಡದಲ್ಲಿಯೇ ಬರೆಯಬಹುದು. ಅಂಧರಿಗಾಗಿ ರಚಿತವಾದ ಹಲವು ಸಾಧನಗಳು ಅದರಿಂದಲೇ ಹೆಸರುಗಳನ್ನು ಪಡೆಯುತ್ತವೆ. ಈ ನಾಲ್ಕು ತಾಲ್ಲೂಕುಗಳ ಭಕ್ತರಲ್ಲಿಯೂ, ವಿಶೇಷವಾಗಿ ಶ್ರೀಮಠದ ವಿದ್ಯಾರ್ಥಿಗಳಲ್ಲಿಯೂ ನನ್ನ ಬಿನ್ನಹವಿಷ್ಟೆ: ನಿಮ್ಮ ಊರಿನ ಬೀದಿಗಳನ್ನು ನಡೆದು ನೋಡಿರಿ. ಹಿರಿಯರನ್ನು ಕೇಳಿ, ಹಳೆಯ ಹೊಸ ಹೆಸರುಗಳೆರಡನ್ನೂ ಕನ್ನಡದಲ್ಲಿ ಬರೆದಿಡಿರಿ. ಬರೆದ ಮೇಲೆ, ಆ ದಾರಿಯಲ್ಲಿ ದಿನವೂ ನಡೆಯುವ ಅಂಧರೊಬ್ಬರು ಒಪ್ಪಿದರೆ ಅವರೊಡನೆ ನಡೆದು, ಯಂತ್ರವು ನುಡಿದದ್ದು ಅವರಿಗೆ ಉಪಯೋಗವಾಯಿತೇ ಇಲ್ಲವೇ ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿದ್ದಿರಿ. ಈ ವಿಷಯದಲ್ಲಿ ಅವರೇ ಪರೀಕ್ಷಕರು, ನಾವು ವಿದ್ಯಾರ್ಥಿಗಳು.

ಯಂತ್ರವು ಎಷ್ಟು ಸುಧಾರಿಸಿದರೂ ಕೋಲಿನ ಕೆಲಸವನ್ನಾಗಲಿ ನೆರೆಯವನ ಕೆಲಸವನ್ನಾಗಲಿ ಮಾಡಲಾರದು. ರಸ್ತೆ ದಾಟಲು ನಿಂತವರನ್ನು ಕಂಡರೆ ಕೈಹಿಡಿದು ಎಳೆಯದೆ, ನೆರವು ಬೇಕೇ ಎಂದು ಮೊದಲು ಕೇಳಿರಿ. ದಾರಿ ಕೇಳಿದರೆ ಅಲ್ಲಿ, ಇಲ್ಲಿ ಎಂದು ಕೈತೋರದೆ, ಅವರ ಎಡಬಲಗಳನ್ನನುಸರಿಸಿ ಬಾಯಿಂದ ಹೇಳಿರಿ. ಯಂತ್ರಕ್ಕೆ ಹೇಳಿದ ಲಕ್ಷಣಗಳೆಲ್ಲವೂ ನಮ್ಮ ಮಾತಿಗೂ ಸಲ್ಲತಕ್ಕವೇ.