ಪತ್ತನಾಜೆಗೆ ಒಳಗೆ, ದೀಪಾವಳಿಗೆ ಹೊರಗೆ: ಅಡೇನಿಯಂ ಸಾಕುವ ಬಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಂಕರಪುರ ಮಲ್ಲಿಗೆ ಬೆಳೆಯುವ ಊರಿನಲ್ಲಿ ನಿಂತು ಬೇರೊಂದು ಹೂವಿನ ಬಗ್ಗೆ ಮಾತಾಡುವುದು ಸ್ವಲ್ಪ ಅಧಿಕಪ್ರಸಂಗವೇ ಸರಿ. ಇಲ್ಲಿ ಕುಳಿತಿರುವ ಅಮ್ಮಂದಿರಲ್ಲಿ ಎಷ್ಟೋ ಮಂದಿ ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕಳಿಸಿಯೇ ಬಂದಿರುತ್ತೀರಿ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕವನ್ನು ನಾನು ಮಗ್ಗಿಗಿಂತ ಮೊದಲು ಕಲಿತವನು. ನನ್ನ ಪುಸ್ತಕ, ಸಮವಸ್ತ್ರ, ಮೊದಲ ಚಪ್ಪಲಿ ಎಲ್ಲವೂ ಅಮ್ಮನ ಮಲ್ಲಿಗೆಯ ದುಡ್ಡಿನಿಂದ ಬಂದದ್ದು. ಆದ್ದರಿಂದ ಮಲ್ಲಿಗೆಗೆ ಕೈಮುಗಿದೇ ಈ ಮಾತು ಆರಂಭಿಸುತ್ತೇನೆ.

ನಾನು ಹೇಳಹೊರಟಿರುವುದು ಅಡೇನಿಯಂ ಎಂಬ ಗಿಡದ ವಿಷಯ. ನರ್ಸರಿಯವರು ಡೆಸರ್ಟ್ ರೋಸ್ ಎನ್ನುತ್ತಾರೆ. ಹೆಸರಿನಲ್ಲಿ ಗುಲಾಬಿ ಇದ್ದರೂ ಅದಕ್ಕೂ ಗುಲಾಬಿಗೂ ಸಂಬಂಧವಿಲ್ಲ. ನಮ್ಮ ಕಣಗಿಲೆ, ಗೋಸಂಪಿಗೆ, ನಿತ್ಯಪುಷ್ಪಗಳ ಕುಟುಂಬಕ್ಕೆ ಸೇರಿದ್ದು. ಪಶ್ಚಿಮ ಆಫ್ರಿಕದ ಸೆನೆಗಲ್‌ನಿಂದ ಪೂರ್ವದ ಸೋಮಾಲಿಯಾದವರೆಗೆ, ಕೆಂಪು ಸಮುದ್ರ ದಾಟಿದರೆ ಯೆಮನ್, ಒಮಾನ್ ದೇಶಗಳಲ್ಲಿ ಇದು ಕಾಡುಗಿಡ. ಸ್ವೀಡನ್ನಿನ ಲಿನ್ನೇಯಸ್‌ನ ಶಿಷ್ಯ ಫೋರ್ಸ್ಕಾಲ್ ಎಂಬ ಸಸ್ಯವಿಜ್ಞಾನಿ ಯೆಮನ್‌ನಲ್ಲಿ ಗಿಡಗಳನ್ನು ಗುರುತಿಸುತ್ತಾ ತಿರುಗಿ, 1763ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡ. ಅವನು ಬರೆದಿಟ್ಟ ವಿವರ 1775ರಲ್ಲಿ ಪುಸ್ತಕವಾಯಿತು. ಅದರಲ್ಲಿ ಈ ಗಿಡಕ್ಕೆ ಕೊಟ್ಟ ಹೆಸರಿನಲ್ಲಿ 'ಒಬೆಸಮ್' ಎಂಬ ಪದವಿದೆ; ದಪ್ಪಗಿರುವುದು ಎಂದು ಅರ್ಥ. ಅಡೇನಿಯಂ ಎಂಬುದು ಏಡನ್ ಎಂಬ ಊರಿನಿಂದ ಬಂದ ಹೆಸರು. ನಮ್ಮ ನೆರೆಮನೆಯ ಅಜ್ಜಿ ಇದನ್ನು ನೋಡಿ "ಇದೇನು, ಹೊಟ್ಟೆ ಬಂದ ಗಿಡ!" ಎಂದರು. ಫೋರ್ಸ್ಕಾಲ್ ಕೂಡ ಅದನ್ನೇ ಲ್ಯಾಟಿನಿನಲ್ಲಿ ಹೇಳಿದ್ದು.

ನಾನು ಇದನ್ನು ಮೊದಲು ಕಂಡದ್ದು ಒಮಾನಿನ ಸಲಾಲಾದಲ್ಲಿ. ನಮ್ಮ ಕಡೆಯ ಬಹಳಷ್ಟು ಜನರ ಹಾಗೆ ನಾನೂ ಹೊಟ್ಟೆಪಾಡಿಗೆ ಗಲ್ಫಿಗೆ ಹೋದವನು. ಸಲಾಲಾದ ಹಿಂದಿನ ಗುಡ್ಡಗಳಲ್ಲಿ, ಬಂಡೆಯ ಸಂದಿಯಲ್ಲಿ, ಒಂದು ಎಲೆಯೂ ಇಲ್ಲದೆ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿತ್ತು. ನಮ್ಮಲ್ಲಿ ಧೋ ಎಂದು ಸುರಿಯುವ ಅದೇ ಮುಂಗಾರು ಮಾರುತ ಅಲ್ಲಿಗೂ ಬರುತ್ತದೆ. ಆದರೆ ಅಲ್ಲಿ ಅದು ಮಂಜು ಮತ್ತು ತುಂತುರು ಮಾತ್ರ. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಈ ವ್ಯತ್ಯಾಸ ಅರ್ಥವಾದರೆ ಅಡೇನಿಯಂ ಸಾಕುವ ವಿದ್ಯೆ ಮುಕ್ಕಾಲು ಬಂದಂತೆ. ನನಗೆ ಅದು ನಷ್ಟವಾದ ಮೇಲೆ ಅರ್ಥವಾಯಿತು.

ಊರಿಗೆ ಮರಳಿದ ವರ್ಷ ಬೇಸಿಗೆಯಲ್ಲಿ ಇಪ್ಪತ್ತೆರಡು ಗಿಡ ತಂದೆ. ಸಣ್ಣ ವ್ಯಾಪಾರ ಮಾಡುವ ಆಸೆಯೂ ಇತ್ತು. ಮಲ್ಲಿಗೆ ಸಾಲಿನ ಪಕ್ಕದಲ್ಲೇ ಇಟ್ಟೆ. ಅಮ್ಮನಿಗೆ ಗಿಡವೆಂದರೆ ಮಲ್ಲಿಗೆಯೇ. ಒಂದು ದಿನ ನೋಡಿದರೆ ಸಗಣಿ ನೀರು ಮತ್ತು ನೆಲಗಡಲೆ ಹಿಂಡಿ ಕದಡಿ ಎಲ್ಲ ಚಟ್ಟಿಗೂ ಹೊಯ್ಯುತ್ತಿದ್ದರು. ಬೇಡ ಎಂದೆ. "ಹಾಕದೆ ಆಗುವುದುಂಟಾ ಮಗಾ? ನೀರು, ಹಿಂಡಿ ಕೊಡದೆ ಹೂ ಕೇಳಿದರೆ ಗಿಡ ಎಲ್ಲಿಂದ ಕೊಡಬೇಕು?" ಎಂದರು. ನನಗೂ ಸರಿ ಎನಿಸಿತು. ಜೂನ್ ಬಂತು, ಮಳೆ ಹಿಡಿಯಿತು. ಮಳೆಯಲ್ಲಿ ಗಿಡ ಹೊರಗಿದ್ದರೆ ಒಳ್ಳೆಯದೇ ಎಂದು ಸುಮ್ಮನಿದ್ದೆ. ಆಟಿ ತಿಂಗಳು ಮುಗಿಯುವಾಗ ಇಪ್ಪತ್ತೆರಡರಲ್ಲಿ ಉಳಿದದ್ದು ನಾಲ್ಕು.

ಆಗ ನೆನಪಾದದ್ದು ಈ ಶಾಲೆಯ ನಮ್ಮ ವಿಜ್ಞಾನದ ಮೇಷ್ಟ್ರು. ತೋಟದಲ್ಲಿ ಒಂದು ಸಸಿ ಸತ್ತರೆ ಅವರು ಬಿಸಾಡಲು ಬಿಡುತ್ತಿರಲಿಲ್ಲ. "ಮೊದಲು ಬೇರು ನೋಡಿ, ಯಾಕೆ ಸತ್ತಿತೆಂದು ಅದರಲ್ಲಿ ಬರೆದಿರುತ್ತದೆ" ಎನ್ನುತ್ತಿದ್ದರು. ಸತ್ತ ಹದಿನೆಂಟು ಗಿಡಗಳನ್ನೂ ಕಿತ್ತು ನೋಡಿದೆ. ಬೇರೆಲ್ಲ ಕೊಳೆತು ಕಪ್ಪಾಗಿ, ಗಡ್ಡೆ ಬೇಯಿಸಿದ ಗೆಣಸಿನಂತೆ ಮೆತ್ತಗಾಗಿತ್ತು. ಯಾವ ಗಿಡವೂ ಬಾಯಾರಿ ಸತ್ತಿರಲಿಲ್ಲ. ಉಳಿದ ನಾಲ್ಕು ಮಾಡಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಇದ್ದವು.

ಅಲ್ಲಿಂದ ಕಲಿತದ್ದನ್ನು ಈಗ ಕ್ರಮವಾಗಿ ಹೇಳುತ್ತೇನೆ. ಮಕ್ಕಳು ಬರೆದುಕೊಂಡರೆ ಒಳ್ಳೆಯದು.

ಮೊದಲನೆಯದು ಮಣ್ಣು. ಒಂದು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಎರಡು ಪಾಲು ದಪ್ಪ ಹೊಳೆಯ ಹೊಯ್ಗೆ ಅಥವಾ ಸಣ್ಣ ಜಲ್ಲಿ, ಒಂದು ಪಾಲು ಚೆನ್ನಾಗಿ ಹುಡಿಯಾದ ಹಳೆಯ ಗೊಬ್ಬರ. ಒಡೆದ ಹಂಚಿನ ಚೂರು, ಇದ್ದಿಲಿನ ಚೂರು ಸೇರಿಸಿದರೆ ಇನ್ನೂ ಉತ್ತಮ. ಕಡಲ ಹೊಯ್ಗೆಯಲ್ಲಿ ಉಪ್ಪಿರುವುದರಿಂದ ಬೇಡ. ನೀರು ಹೊಯ್ದರೆ ಮೇಲೆ ನಿಲ್ಲದೆ ಕೂಡಲೇ ಕೆಳಗಿನ ತೂತಿನಿಂದ ಇಳಿಯಬೇಕು. ಮಣ್ಣಿನ ಚಟ್ಟಿ ಒಳ್ಳೆಯದು; ಅದು ಬೇಗ ಒಣಗುತ್ತದೆ.

ಎರಡನೆಯದು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತೆಂಗಿನ ನೆರಳಿನಲ್ಲಿ ಇಟ್ಟರೆ ಕೊಂಬೆ ಉದ್ದಕ್ಕೆ ಬೆಳೆದು ಬಾಗುತ್ತದೆ, ಹೂ ಬರುವುದಿಲ್ಲ.

ಮೂರನೆಯದು ನೀರು. ಬೇಸಿಗೆಯಲ್ಲಿ ಮಣ್ಣಿಗೆ ಬೆರಳು ಹಾಕಿ ನೋಡಿ. ಒಣಗಿದ್ದರೆ ಧಾರಾಳ ಹಾಕಿ, ಹಸಿ ಇದ್ದರೆ ಬಿಟ್ಟುಬಿಡಿ. ಮಳೆಗಾಲಕ್ಕೆ ನಮ್ಮ ಊರಿನ ಪಂಚಾಂಗವೇ ಸಾಕು: ಪತ್ತನಾಜೆಗೆ ಒಳಗೆ, ದೀಪಾವಳಿಗೆ ಹೊರಗೆ. ಮೇ 24ರ ಹೊತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವಾಗ ಅಡೇನಿಯಂ ಚಟ್ಟಿ ಜಗಲಿ ಸೇರಬೇಕು. ಅಲ್ಲಿಯೂ ಬೆಳಕು, ಗಾಳಿ ಇರಬೇಕು. ಆ ನಾಲ್ಕೈದು ತಿಂಗಳು ನೀರು ಬಹಳ ಕಡಿಮೆ ಸಾಕು; ಆಟಿಯ ಜಡಿಮಳೆಯ ದಿನಗಳಲ್ಲಿ ಬೇಡವೇ ಬೇಡ. ಎಲೆ ಉದುರಿದರೆ ಗಾಬರಿಯಾಗಬೇಡಿ, ಅದು ಗಿಡದ ನಿದ್ದೆ.

ನಾಲ್ಕನೆಯದು ಪರೀಕ್ಷೆ. ವಾರಕ್ಕೊಮ್ಮೆ ಬುಡದ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಕಲ್ಲಿನಂತಿದ್ದರೆ ಕ್ಷೇಮ. ಬೇಸಿಗೆಯಲ್ಲಿ ಸುಕ್ಕುಗಟ್ಟಿ ಸ್ವಲ್ಪ ಬಗ್ಗಿದರೆ ಬಾಯಾರಿಕೆ. ಮಳೆಗಾಲದಲ್ಲಿ ಮೆತ್ತಗಾಗಿ ವಾಸನೆ ಬಂದರೆ ಕೊಳೆ. ಆಗ ಕೂಡಲೇ ಕಿತ್ತು, ಶುಚಿಯಾದ ಚೂರಿಯಿಂದ ಬಿಳಿ ತಿರುಳು ಕಾಣುವವರೆಗೆ ಕೊಳೆತ ಭಾಗ ಕತ್ತರಿಸಿ, ಶಿಲೀಂಧ್ರನಾಶಕ ಪುಡಿ ಹಚ್ಚಿ, ನೆರಳಿನಲ್ಲಿ ಒಂದು ವಾರ ಗಾಯ ಒಣಗಲು ಬಿಡಿ. ಆಮೇಲೆ ಒಣ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ಕಳೆದು ನೀರು ಕೊಡಿ. ಬೇಗ ಕಂಡುಹಿಡಿದರೆ ಹೀಗೆ ಗಿಡ ಉಳಿಸಬಹುದು.

ಐದನೆಯದು ಕತ್ತರಿಸುವುದು. ಹೂವು ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ. ಫೆಬ್ರವರಿಯಲ್ಲಿ ಕೊಂಬೆ ಕತ್ತರಿಸಿದರೆ ಒಂದು ತುದಿ ಇದ್ದಲ್ಲಿ ಮೂರು ತುದಿ ಬರುತ್ತದೆ. ಎರಡು ತಿಂಗಳೊಳಗೆ ಹೂ ಕಾಣಬಹುದು. ಚಟ್ಟಿ ಬದಲಿಸುವಾಗ ಗಡ್ಡೆಯನ್ನು ಒಂದು ಅಂಗುಲ ಮೇಲಕ್ಕೆ ಎತ್ತಿ ನೆಟ್ಟರೆ ಬೇರಿನ ಚೆಂದವೂ ಕಾಣುತ್ತದೆ. ಬಿಳಿ ಹಿಟ್ಟುತಿಗಣೆಗೆ ಬೇವಿನ ಎಣ್ಣೆ, ಸಾಬೂನು ನೀರು ಸಾಕು.

ಗೆಲ್ಲು ನೆಟ್ಟೂ ಗಿಡ ಮಾಡಬಹುದು, ಆದರೆ ಹೊಟ್ಟೆ ಬರಬೇಕಾದರೆ ಬೀಜದ ಗಿಡವೇ ಆಗಬೇಕು. ಕಾಯಿ ಜೋಡಿಯಾಗಿ, ಕೋಣದ ಕೊಂಬಿನಂತೆ ಬರುತ್ತದೆ. ಬೀಜದ ಎರಡೂ ತುದಿಯಲ್ಲಿ ರೇಷ್ಮೆಯಂಥ ಕೂದಲಿದ್ದು, ಕಾಯಿ ಬಿರಿದರೆ ಗಾಳಿಗೆ ಹಾರಿಹೋಗುತ್ತದೆ. ಆದ್ದರಿಂದ ಬಲಿತ ಕೂಡಲೇ ಕಾಯಿಗೆ ದಾರ ಸುತ್ತಬೇಕು. ಬಾಳೆನಾರಾದರೂ ಆದೀತು. ತಾಜಾ ಬೀಜ ಒಂದು ವಾರದಲ್ಲಿ ಮೊಳೆಯುತ್ತದೆ.

ಒಂದು ಎಚ್ಚರಿಕೆಯನ್ನು ಮುಚ್ಚಿಡಬಾರದು. ಈ ಗಿಡದ ರಸ ವಿಷ. ಆಫ್ರಿಕದ ಬೇಟೆಗಾರರು ಅದನ್ನು ಕುದಿಸಿ ಬಾಣದ ತುದಿಗೆ ಹಚ್ಚುತ್ತಿದ್ದರು. ಹೃದಯದ ಬಡಿತವನ್ನೇ ಕೆಡಿಸುವ ವಿಷ. ಬಾಯಿಗೆ, ಕಣ್ಣಿಗೆ ಹೋಗಬಾರದು. ನಮ್ಮ ಅಂಗಳದ ಕಣಗಿಲೆಯೂ ಹಾಗೆಯೇ, ಅಭ್ಯಾಸದಿಂದ ನಾವು ಮರೆತಿದ್ದೇವೆ. ಕತ್ತರಿಸುವ ಕೆಲಸ ದೊಡ್ಡವರು ಕೈಗವಸು ಹಾಕಿ ಮಾಡಲಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಆಡು, ಕರುವಿನ ಬಾಯಿಗೆ ಎಟುಕಬಾರದು.

ವಿಷವಿರುವ ಗಿಡವನ್ನು ಶಾಲೆಗೆ ಏಕೆ ತರುತ್ತೀರಿ ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಶಾಲೆಯ ಹೂತೋಟ ಪ್ರತಿ ವರ್ಷ ಏಕೆ ಸಾಯುತ್ತದೆಂದು ಇಲ್ಲಿರುವ ಎಲ್ಲ ಶಿಕ್ಷಕರಿಗೂ ಗೊತ್ತು. ಜೂನಿನಲ್ಲಿ ನೆಟ್ಟು, ಫೋಟೋ ತೆಗೆದು, ಮಾರ್ಚ್‌ವರೆಗೆ ಮಕ್ಕಳು ನೀರು ಹಾಕುತ್ತಾರೆ. ಏಪ್ರಿಲ್, ಮೇ ರಜೆಯಲ್ಲಿ ಎಲ್ಲ ಒಣಗುತ್ತದೆ. ಸಮಾರಂಭಕ್ಕೆ ಅತಿಥಿಗಳು ನೆಟ್ಟ ಸಸಿಗಳ ಗತಿಯೂ ಅದೇ. ಆ ಎರಡು ತಿಂಗಳು ವಾರಕ್ಕೊಮ್ಮೆ ನೀರು ಸಿಕ್ಕರೂ ಹೂ ಬಿಡುವ, ಒಂದೆರಡು ವಾರ ತಪ್ಪಿದರೂ ಸಾಯದ ಗಿಡ ಇದು. ಬಿಸಿಯೂಟದ ಅಡುಗೆಕೋಣೆಯಿಂದ, ಚಿಕ್ಕ ಮಕ್ಕಳು ಓಡಾಡುವಲ್ಲಿಂದ ದೂರ, ಕಚೇರಿಯ ಎದುರಿನ ಎತ್ತರದ ಕಟ್ಟೆಯ ಮೇಲಿಟ್ಟರೆ ಶಿಕ್ಷಕರ ಕಣ್ಣಳತೆಯಲ್ಲೇ ಇರುತ್ತದೆ.

ಉಳಿದ ಆ ನಾಲ್ಕು ಗಿಡಗಳ ಬೀಜದಿಂದ ಬೆಳೆಸಿದ 50 ಸಸಿಗಳನ್ನು ಇಂದು ತಂದಿದ್ದೇನೆ. ವೇದಿಕೆಯ ಬದಿಯಲ್ಲಿವೆ. ಹತ್ತನೆಯ ತರಗತಿಯ ಒಂದೊಂದು ಬ್ಯಾಚಿಗೆ ಒಂದೊಂದು ಚಟ್ಟಿ. ನನ್ನ ಕೋರಿಕೆ ಇಷ್ಟೇ. ರಜೆಯಲ್ಲಿ ವಾರಕ್ಕೊಂದು ದಿನ ಹತ್ತಿರದಲ್ಲಿರುವ ಯಾರಾದರೂ ಒಬ್ಬರು ಬಂದು ನೀರು ಹಾಕಬೇಕು. ಪತ್ತನಾಜೆಯ ದಿನ ಶಾಲೆಗೆ ರಜೆ ಇರುತ್ತದೆ, ಮಕ್ಕಳು ಇರುವುದಿಲ್ಲ. ಅಂದು ಪ್ರತಿ ಬ್ಯಾಚಿನಿಂದ ಒಬ್ಬರು ಬಂದು ತಮ್ಮ ಚಟ್ಟಿಯನ್ನು ಎತ್ತಿ ಜಗಲಿಗೆ ಇಡಬೇಕು. ಮುಂಬೈ, ಬೆಂಗಳೂರು, ಗಲ್ಫಿನಲ್ಲಿರುವವರು ಊರಿನಲ್ಲಿರುವ ಗೆಳೆಯನಿಗೆ ಒಂದು ಫೋನ್ ಮಾಡಿ ನೆನಪಿಸಿದರೂ ಸಾಕು. ಯಾರೂ ಬಾರದಿದ್ದರೆ ಆಟಿ ಮುಗಿಯುವಾಗ ಚಟ್ಟಿಯಲ್ಲಿ ಏನಿರುತ್ತದೆಂದು ನಾನು ಆಗಲೇ ಹೇಳಿದ್ದೇನೆ.

ಅಮ್ಮ ಈಗಲೂ ಮಲ್ಲಿಗೆಗೆ ಹಿಂಡಿ ಹಾಕುತ್ತಾರೆ. ಅಡೇನಿಯಂ ಚಟ್ಟಿಯ ಹತ್ತಿರ ಬಂದಾಗ ಚೆಂಬು ಕೆಳಗಿಟ್ಟು, ಹೆಬ್ಬೆರಳಿನಿಂದ ಗಡ್ಡೆ ಒತ್ತಿ ನೋಡಿ, "ಗಟ್ಟಿ ಉಂಟು, ಇವತ್ತು ಬೇಡ" ಎಂದು ಮುಂದೆ ಹೋಗುತ್ತಾರೆ. ಎಪ್ಪತ್ತು ದಾಟಿದ ಮೇಲೆ ಅವರು ಕಲಿತದ್ದನ್ನು ನಾವೂ ಕಲಿಯಬಹುದು.

ಪತ್ತನಾಜೆಯ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ನಾನು ಇಲ್ಲಿರುತ್ತೇನೆ. ನೀವೂ ಬನ್ನಿ.